ಹತ್ತು ಪರ್ಸೆಂಟ್ ಯಾತ್ರೆ

“ನಾನೂರು ಗ್ರಾಂ ಜಾಸ್ತಿ ಬರ್ತಿದೆ,” ಅಂದ ಪ್ರಹ್ಲಾದ. ಡಾಕ್ಟರು ರಿಪೋರ್ಟು ಓದಿ ಹೇಳುವ ದನಿ.

ಅಡುಗೆಮನೆಯ ತಕ್ಕಡಿ ಹಾಲಿಗೆ ಬಂದು ನಾಲ್ಕು ದಿನವಾಗಿತ್ತು. ಈಗ ಅದರ ಮೇಲೆ ಒಂದು ಜೊತೆ ಕಾಲುಚೀಲ ಕೂತಿತ್ತು. ಮಿಕ್ಕ ಸಾಮಾನು ಸೋಫಾ ತುಂಬಿ, ಟೀಪಾಯಿ ತುಂಬಿ, ಕೊನೆಗೆ ಸುಬ್ಬುವಿನ ತೊಡೆಯ ಮೇಲೂ ಹರಡಿತ್ತು. ತೊಡೆ ಅಲುಗಿಸಬೇಡ, ಅಲ್ಲಿರೋದು ತೂಗಿ ಆಗಿರೋದು ಅಂತ ಅವನಿಗೆ ಕಟ್ಟಪ್ಪಣೆ.

“ಯಾವುದಕ್ಕಿಂತ ಜಾಸ್ತಿ?” ಮೂರ್ತಿ ಕೂರಲು ಜಾಗ ಹುಡುಕುತ್ತ ಕೇಳಿದ.

“ಬೆನ್ನಿಗೆ ಹಾಕೋ ಬ್ಯಾಗು ಮೈತೂಕದ ಹತ್ತು ಪರ್ಸೆಂಟ್ ಮೀರಬಾರದು ಕಣೋ. ಕಮೀನೋ, ಅಂದ್ರೆ ಸ್ಪೇನಿನ ಸಾಂತಿಯಾಗೋಗೆ ಹೋಗೋ ಕಾಲ್ನಡಿಗೆ ಯಾತ್ರೆ, ಅದನ್ನ ನಡೆಯೋರಿಗೆ ಇದೇ ಮೊದಲ ಪಾಠ. ನಾನು ಎಂಬತ್ತೆರಡು ಕಿಲೋ. ಬ್ಯಾಗು ಎಂಟು ಕಿಲೋ ಇನ್ನೂರಕ್ಕೆ ನಿಲ್ಲಬೇಕು. ಒಂದೊಂದೇ ತೂಗಿ ಕೂಡಿಸಿದ್ರೆ ಎಂಟು ಆರುನೂರು.”

“ಅಷ್ಟೇ ತಾನೇ? ನೀನು ಎಂಬತ್ತಾರು ಕಿಲೋ ಆಗು. ಲೆಕ್ಕ ಸರಿಹೋಯ್ತು.”

ಪ್ರಹ್ಲಾದ ನಗಲಿಲ್ಲ. ಭಯವಾಗಿದ್ದು ಅದಕ್ಕೇ. ಕಣ್ಣು ಕಿರಿದು ಮಾಡಿ ಮನಸ್ಸಿನಲ್ಲೇ ಏನೋ ಗುಣಾಕಾರ ಹಾಕಿದ.

“ಹೇಳಿಕೊಡಬೇಡಿ ಮೂರ್ತಿಯವರೇ,” ಅಂತ ಒಳಗಿನಿಂದ ವನಜಾ. “ಮೊನ್ನೆಯಿಂದ ಅದೇ ನಡೀತಿದೆ. ಮೂರನೇ ಸಲ ಅನ್ನ ಬಡಿಸ್ಕೊಂಡು, ಇದು ಊಟ ಅಲ್ಲ, ತಯಾರಿ ಅಂತಾರೆ.”

“ಬೇರೆ ಏನು ಮಾಡ್ಲಿ? ನೀರೇ ಒಂದು ಕಿಲೋ ಆಗುತ್ತೆ. ಅದನ್ನ ಬಿಟ್ಟು ಹೋಗೋಕಾಗುತ್ತಾ?”

“ಯಾಕೆ ಬಿಡ್ತೀಯ, ಕುಡಿ,” ಅಂದ ಮೂರ್ತಿ. “ಬಾಟಲಿಯಲ್ಲಿದ್ರೆ ಬ್ಯಾಗಿನ ತೂಕ, ಹೊಟ್ಟೆಯಲ್ಲಿದ್ರೆ ಮೈತೂಕ. ಒಂದೇ ಗುಟುಕಿಗೆ ಬ್ಯಾಗು ಒಂದು ಕಿಲೋ ಇಳೀತು, ನೀನು ಒಂದು ಕಿಲೋ ಏರಿದೆ. ಮೇಲೆ ನೂರು ಗ್ರಾಂ ಹೊರೋ ಹಕ್ಕು ಬೇರೆ ಲಾಭ.”

ಸುಬ್ಬುವಿಗೆ ಸಂಶಯ ಬಂತು. “ಕುಡಿದ ನೀರು ಆಮೇಲೆ ಹೊರಗೆ ಹೋಗುತ್ತಲ್ಲ?”

“ಹೋದಾಗ ನೂರು ಗ್ರಾಂ ವಾಪಸ್ ಮಾಡಬೇಕು. ಪ್ರತಿ ಸಲ ಮರದ ಮರೆಗೆ ಹೋಗಿ ಬಂದಾಗ ಒಂದೊಂದು ಕಾಲುಚೀಲ ಎಸೀತಾ ಹೋಗೋದು.”

“ತಮಾಷೆ ಸಾಕು,” ಅಂದ ಪ್ರಹ್ಲಾದ. “ಪೋರ್ಚುಗಲ್ಲಿನ ಪೋರ್ತೊ ಊರಿನ ದೊಡ್ಡ ಇಗರ್ಜಿಯಿಂದ ಸಾಂತಿಯಾಗೋಗೆ ಕರಾವಳಿ ದಾರೀಲಿ ಹತ್ತಿರ ಹತ್ತಿರ 280 ಕಿಲೋಮೀಟರು. ಹದಿಮೂರು ದಿನ ಅಂದ್ರೂ ದಿನಕ್ಕೆ ಇಪ್ಪತ್ತೊಂದು, ಇಪ್ಪತ್ತೆರಡು. ಒಂದೊಂದು ಗ್ರಾಮೂ ಮಂಡಿ ಮೇಲೆ ಬೀಳುತ್ತೆ.”

“ದಿನಾ ಅಷ್ಟು ನಡೆದ್ರೆ ನೀನೂ ಇಳೀತೀಯಲ್ಲೋ. ದಿನಕ್ಕೆ ಅರ್ಧ ಕಿಲೋ ಅಂತಿಟ್ಕೋ. ಅಂದ್ರೆ ದಿನಾ ಸಾಯಂಕಾಲ ಬ್ಯಾಗಿಂದ ಐವತ್ತು ಗ್ರಾಂ ಸಾಮಾನು ಬಿಸಾಕಬೇಕು. ಹತ್ತು ದಿನಕ್ಕೆ ಅರ್ಧ ಕಿಲೋ. ನಿನ್ನ ಪಟ್ಟಿ ಕೊಡು ಇಲ್ಲಿ... ಹಾಂ, ಮಳೆಕೋಟು ಹೋಯ್ತು. ಅದೂ ಎಲ್ಲಿ? ಸ್ಪೇನಿನ ಗಲೀಸಿಯಾದಲ್ಲಿ. ಮಳೆಗೇ ಹೆಸರಾದ ಸೀಮೆ. ಹತ್ತು ಪರ್ಸೆಂಟ್ ಪಾಲಿಸಿದ ಪುಣ್ಯಕ್ಕೆ ನೆನೆದು ತೊಪ್ಪೆಯಾಗಿ ತಲುಪ್ತೀಯ.”

“ನೆನೆದ್ರೆ ತೂಕ ಜಾಸ್ತಿ ಆಗುತ್ತೆ,” ಅಂದ ಸುಬ್ಬು.

“ನೋಡು! ಸುಬ್ಬುವೇ ದಾರಿ ತೋರಿಸಿದ.”

ಪ್ರಹ್ಲಾದ ಮಾತು ಬದಲಿಸಲು ಹಲ್ಲುಜ್ಜುವ ಬ್ರಷ್ಷನ್ನು ಎತ್ತಿ ಹಿಡಿದ. ಹಿಡಿಯನ್ನು ಗರಗಸದಲ್ಲಿ ಕೊಯ್ದು, ಕೂದಲಿನ ಬುಡಕ್ಕೆ ಉಗುರಿನಷ್ಟು ಉಳಿಸಿದ್ದ. ಒಂಬತ್ತು ಗ್ರಾಂ ಉಳಿತಾಯವಂತೆ.

“ಇದನ್ನ ಹಿಡ್ಕೊಂಡು ಉಜ್ಜಬೇಕಾದ್ರೆ ಬೆರಳು ಬಾಯೊಳಗೇ ಹೋಗುತ್ತಲ್ಲೋ.”

“ಹೋಗುತ್ತೆ.”

“ಬೆರಳು ಹೋದಮೇಲೆ ಬ್ರಷ್ ಯಾತಕ್ಕೆ? ಇನ್ನೂ ನಾಲ್ಕು ಗ್ರಾಂ ಉಳೀತಲ್ಲ.”

ಪ್ರಹ್ಲಾದ ನಿಜವಾಗಿಯೂ ಪೆನ್ನು ತೆಗೆದು ಪಟ್ಟಿಯಲ್ಲಿ ಏನೋ ಗುರುತು ಹಾಕಿಕೊಂಡ. ಮೂರ್ತಿ ಹಣೆ ಒತ್ತಿಕೊಂಡ.

“ಒಂದು ವಿಷಯ ಹೇಳು. ನೀನು ಯಾರ ಸಮಾಧಿ ನೋಡೋಕೆ ಹೊರಟಿರೋದು? ಯೇಸುವಿನ ಶಿಷ್ಯ ಸಂತ ಯಾಕೋಬ. ಅವನ ದೇಹ ಅಲ್ಲಿಗೆ ಹೇಗೆ ಬಂತು ಅಂತಾರೆ?”

“ಸಮುದ್ರದ ಮೇಲೆ. ದೋಣೀಲಿ.”

“ಯಾವ ದೋಣಿ?”

ಪ್ರಹ್ಲಾದ ಗಂಟಲು ಸರಿ ಮಾಡಿಕೊಂಡ. “ಕಲ್ಲಿನ ದೋಣಿ.”

“ಕಲ್ಲಿನ ದೋಣಿ! ಹುಟ್ಟಿಲ್ಲ, ಹಾಯಿಲ್ಲ. ಪದ್ರೋನ್ ಅನ್ನೋ ಊರಿನ ಇಗರ್ಜಿಯಲ್ಲಿ ಆ ದೋಣೀನ ಕಟ್ಟಿಹಾಕಿದ ಕಲ್ಲು ಅಂತ ವೇದಿಕೆ ಕೆಳಗೆ ಇಟ್ಟು ತೋರಿಸ್ತಾರೆ. ನಿನ್ನ ದಾರೀಲೇ ಸಿಗುತ್ತೆ. ಕಲ್ಲಿನ ದೋಣೀಲಿ ಬಂದ ಸಂತನ ಹತ್ರ ಹೋಗ್ತಾ ಬ್ರಷ್ಷಿನ ಬಾಲ ಕುಯ್ದಿದ್ದೀಯಲ್ಲ, ಅವನ ಮುಖ ಹೇಗೆ ನೋಡ್ತೀಯ?”

“ಅದು ಐತಿಹ್ಯ ಕಣೋ. ನನ್ನದು ಮಂಡಿ.”

ಅಷ್ಟರಲ್ಲಿ ವನಜಾ ಕಾಫಿ ತಂದರು. ತಟ್ಟೆ ಇಡಲು ಜಾಗ ಮಾಡಲು ಪುಟ್ಟ ಡಬ್ಬಿಯೊಂದನ್ನು ಸರಿಸಿದರು. ಕಿವಿಗೆ ಇಟ್ಟುಕೊಳ್ಳುವ ಬೆಂಡು. ಪಟ್ಟಿಯ ಪ್ರಕಾರ ಮೂರು ಗ್ರಾಂ. ಯಾತ್ರಿಕರ ಛತ್ರಗಳಲ್ಲಿ ಒಂದೇ ಕೋಣೆಗೆ ಇಪ್ಪತ್ತು, ಮೂವತ್ತು ಜನ, ಮಂಚದ ಮೇಲೆ ಮಂಚ. ರಾತ್ರಿ ಹತ್ತಕ್ಕೆ ದೀಪ ಆರಿಸಿದ ಮೇಲೆ ಗೊರಕೆಯದೇ ಸಾಮ್ರಾಜ್ಯ ಅಂತ ಪ್ರಹ್ಲಾದ ವಿವರಿಸಿದ.

“ಇವರು ಒಂದು ಜೊತೆ ತಗೊಂಡಿದಾರೆ,” ಅಂದರು ವನಜಾ. “ನ್ಯಾಯವಾಗಿ ಇಪ್ಪತ್ತೊಂಬತ್ತು ಜೊತೆ ಬೇಕು. ಇವರೊಬ್ಬರನ್ನ ಬಿಟ್ಟು ಮಿಕ್ಕವರಿಗೆಲ್ಲ.”

ಬ್ಯಾಗಿನ ಹಿಂದೆ ಬಿಳಿ ಚಿಪ್ಪೊಂದು ತೂಗುತ್ತಿತ್ತು. ಬೀಸಣಿಗೆಯ ಹಾಗೆ ಗೆರೆಗಳಿರುವ ಸಮುದ್ರದ ಚಿಪ್ಪು, ಕೆಂಪು ದಾರ. ಅದನ್ನು ಮಾತ್ರ ಪ್ರಹ್ಲಾದ ತೂಗಿರಲಿಲ್ಲ. ಮೂರ್ತಿ ಅದನ್ನು ಬೆರಳಿನಿಂದ ತಟ್ಟಿ, “ಇದು ಯಾವಾಗಿಂದ ಇದೆ?” ಅಂದ.

“2021ರಿಂದ.”

“ಹಿಂದೆ ಏನಿತ್ತು ಗೊತ್ತಾ? ಸಾಂತಿಯಾಗೋ ತಲುಪಿದವನು ಅಲ್ಲಿ ಚಿಪ್ಪು ಕೊಂಡ್ಕೊಂಡು, ಅದನ್ನ ತೋರಿಸ್ಕೊಂಡು ಊರಿಗೆ ವಾಪಸ್ ನಡೀತಿದ್ದ. ಹೌದಪ್ಪ, ವಾಪಸ್ಸೂ ನಡಿಗೇನೇ. ಮುಗಿಸಿದವನಿಗೆ ಚಿಪ್ಪು. ಆಮೇಲೆ ಹೊರಡುವವನೇ ಚಿಪ್ಪು ಕಟ್ಟಿಕೊಳ್ಳೋ ಕಾಲ ಬಂತು. ಈಗ ಹೊರಡದವನಿಗೂ ಚಿಪ್ಪು.”

“ಹೊರಡ್ತೀನೋ.”

“ಎಷ್ಟು ದೂರ ಅಭ್ಯಾಸ ಮಾಡಿದೀಯ, ಬ್ಯಾಗು ಹಾಕ್ಕೊಂಡು?”

“ಬ್ಯಾಗಿನ ತೂಕ ಸರಿಹೋಗದೆ ಅಭ್ಯಾಸ ಮಾಡಬಾರದು. ತಪ್ಪು ತೂಕಕ್ಕೆ ಮೈ ಒಗ್ಗಿಬಿಡುತ್ತೆ.”

ಇದಕ್ಕೆ ಮೂರ್ತಿಯ ಹತ್ತಿರವೂ ಉತ್ತರ ಇರಲಿಲ್ಲ. ಕಾಫಿ ಕುಡಿದ.

ಸುಬ್ಬು ಫೋನಿನಲ್ಲಿ ನಕಾಶೆ ತೆರೆದಿದ್ದ. ಸಮುದ್ರ ಎಡಗಡೆಗೆ, ಮರಳುದಿಬ್ಬದ ಮೇಲೆ ಮರದ ಹಲಗೆಯ ಕಾಲುದಾರಿ, ವಿಯಾನಾ ದೊ ಕಾಸ್ತೆಲೊ, ಆಮೇಲೆ ಕಮಿನ್ಯಾ. ಅಲ್ಲಿ ಮಿನ್ಯೊ ನದಿ ಸಮುದ್ರ ಸೇರುತ್ತದೆ. ಈ ದಡ ಪೋರ್ಚುಗಲ್, ಆ ದಡ ಸ್ಪೇನ್. ದೋಣಿಯಲ್ಲಿ ದಾಟಿದರೆ ಗಡಿಯಾರ ಒಂದು ಗಂಟೆ ಮುಂದೆ.

“ಅಂದ್ರೆ ಹೊಳೆ ದಾಟೋ ಅಷ್ಟರಲ್ಲಿ ಒಂದು ಗಂಟೆ ಹೋಯ್ತು?”

“ಹೋಯ್ತು.”

“ಅದು ಎಷ್ಟು ಗ್ರಾಂ?” ಅಂತ ಮೂರ್ತಿ ಕೇಳಿದ. ಪ್ರಹ್ಲಾದ ಕೇಳಿಸಿಕೊಳ್ಳದವನಂತೆ ಬೇಸಿಗೆಯಲ್ಲಿ ಆ ತೀರದಲ್ಲಿ ಉತ್ತರದಿಂದ ಗಾಳಿ ಬೀಸುತ್ತದೆ, ನಾವೂ ಉತ್ತರಕ್ಕೇ ಹೋಗೋದು, ಅಂದರೆ ಹದಿಮೂರು ದಿನವೂ ಎದುರುಗಾಳಿ ಅನ್ನುವ ಹೊಸ ಆತಂಕ ಬಿಚ್ಚಿಟ್ಟ.

“ಅದಕ್ಕೇ ಮೈತೂಕ ಏರಿಸ್ಬೇಕು. ಇಲ್ದಿದ್ರೆ ಹಾರಿಹೋಗ್ತಾರೆ,” ಅಂದರು ವನಜಾ.

“ಬಯೋನಾ ಅಂತ ಬರುತ್ತೆ ನೋಡು, ಹೊಳೆ ದಾಟಿದ ಮೇಲೆ,” ಅಂದ ಮೂರ್ತಿ. “1493ರಲ್ಲಿ ಕೊಲಂಬಸ್ಸಿನ ಪಿಂಟಾ ಹಡಗು ವಾಪಸ್ ಬಂದು ಲಂಗರು ಹಾಕಿದ್ದು ಅಲ್ಲೇ. ಕೊಲಂಬಸ್ ಭೂಮಿಯ ಅಳತೇನೇ ತಪ್ಪು ಲೆಕ್ಕ ಹಾಕಿ ಹೊರಟವನು. ಲೆಕ್ಕ ತಪ್ಪಿದವನಿಗೆ ಅಮೆರಿಕ ಸಿಕ್ತು. ನಮ್ಮ ಪ್ರಹ್ಲಾದನ ಲೆಕ್ಕ ಗ್ರಾಮಿಗೆ ಗ್ರಾಂ ಸರಿ. ಸೋಫಾ ಬಿಟ್ಟು ಎದ್ದಿಲ್ಲ.”

“ವೀಸಾ?” ಅಂದ ಪ್ರಹ್ಲಾದ, ಅದೊಂದು ಬ್ರಹ್ಮಾಸ್ತ್ರ ಅನ್ನುವ ಹಾಗೆ. “ಕೊಲಂಬಸ್ಸಿಗೆ ವೀಸಾ ಬೇಕಿತ್ತಾ? ಎರಡೂ ದೇಶಕ್ಕೆ ಒಂದೇ ಷೆಂಗೆನ್ ವೀಸಾ, ಸರಿ. ಆದರೆ ಅರ್ಜಿ ಹಾಕಬೇಕಾದ್ದು ಹೆಚ್ಚು ದಿನ ಇರೋ ದೇಶಕ್ಕೆ. ಪೋರ್ಚುಗಲ್ಲಿನಲ್ಲಿ ಆರು ದಿನ, ಸ್ಪೇನಿನಲ್ಲಿ ಏಳು. ಕಾಲಿಗೆ ಬೊಬ್ಬೆ ಬಂದು ಒಂದು ದಿನ ಪೋರ್ಚುಗಲ್ಲಿನಲ್ಲೇ ಕೂತರೆ ಏಳು ಏಳು ಸಮ ಆಗುತ್ತೆ. ಸಮ ಆದ್ರೆ ಮೊದಲು ಕಾಲಿಟ್ಟ ದೇಶ ಅನ್ನೋ ನಿಯಮ.”

“ಹಾಗಾದ್ರೆ ಬೊಬ್ಬೆ ಯಾವ ದೇಶದಲ್ಲಿ ಬರುತ್ತೆ ಅಂತ ಅರ್ಜಿಯಲ್ಲೇ ಬರೆದುಬಿಡು. ಇಲ್ಲ, ಸ್ಪೇನಿನ ವೀಗೊದಿಂದ ಶುರು ಮಾಡು. ಅಲ್ಲಿಂದ ನೂರು ಕಿಲೋಮೀಟರ್ ಆಗುತ್ತೆ, ಯಾತ್ರೆ ಮುಗಿಸಿದ ಪ್ರಮಾಣಪತ್ರಕ್ಕೆ ಅಷ್ಟು ನಡೆದ್ರೆ ಸಾಕು. ಯಾತ್ರಿಕರ ಪುಸ್ತಕಕ್ಕೆ ದಿನಕ್ಕೆ ಎರಡು ಮುದ್ರೆ ಒತ್ತಿಸ್ಕೋ. ಲ್ಯಾಟಿನ್ನಿನಲ್ಲಿ ಬರೆದುಕೊಡ್ತಾರೆ.”

“ಅದು ಅಡ್ಡದಾರಿ!” ಪ್ರಹ್ಲಾದನಿಗೆ ಸಿಟ್ಟೇ ಬಂತು. “ನಡೆದ್ರೆ ಪೂರ್ತಿ ನಡೀಬೇಕು.”

ಆಗ ಸುಬ್ಬು, ತೊಡೆ ಜೋಮು ಹಿಡಿದ ಸಂಕಟಕ್ಕೋ ಏನೋ, ಬಾಯಿ ಬಿಟ್ಟ. “ಇಲ್ಲೊಂದು ನೋಡ್ರೋ. ಬೆಳಿಗ್ಗೆ ಬ್ಯಾಗು ತಗೊಂಡು ಹೋಗಿ ಮುಂದಿನ ವಸತಿಗೆ ತಲುಪಿಸೋ ವ್ಯಾನು ಇದೆಯಂತೆ. ಬೇಕಾದಷ್ಟು ಜನ ಕಳಿಸ್ತಾರಂತೆ. ಹದಿನೈದು ಕಿಲೋ ಇದ್ರೂ ಪರವಾಗಿಲ್ಲ.”

ಯಾರೂ ಮಾತಾಡಲಿಲ್ಲ. ತಕ್ಕಡಿಯ ಮೇಲೆ ಕಾಲುಚೀಲ ಹಾಗೇ ಕೂತಿತ್ತು.

“ಗೊತ್ತಿದೆ,” ಅಂದ ಪ್ರಹ್ಲಾದ, ಕೊನೆಗೆ. “ವ್ಯಾನಿಗೆ ಹಾಕಿದ್ರೆ ಮತ್ತೆ ಇಷ್ಟು ದಿನ ತೂಗಿದ್ದು?”

ಮೂರ್ತಿ ನಗಬೇಕಿತ್ತು. ಯಾಕೋ ಅವನ ದನಿ ಕೇಳಿ ಸುಮ್ಮನಾದ. ಸ್ವಲ್ಪ ಹೊತ್ತಾದ ಮೇಲೆ ಕೇಳಿದ, “ಯಾವಾಗ ಅಂತ ತಾರೀಕು ಗಟ್ಟಿ ಮಾಡಿದೀಯಾ?”

“2027. ಸಂತ ಯಾಕೋಬನ ಹಬ್ಬ ಜುಲೈ 25. ಅದು ಭಾನುವಾರ ಬಿದ್ದ ವರ್ಷ ಮಾತ್ರ ಪುಣ್ಯವರ್ಷ. ಸಾಮಾನ್ಯವಾಗಿ ಆವಾಗಷ್ಟೇ ಸಾಂತಿಯಾಗೋದ ದೊಡ್ಡ ಇಗರ್ಜಿಯ ಪವಿತ್ರ ಬಾಗಿಲು ತೆರೀತಾರೆ. 2021ರಲ್ಲೇ ಹೋಗಬೇಕಿತ್ತು. ಕೋವಿಡ್ ಬಂತು.”

“ಪೋಪು ಅದನ್ನ 2022ರ ತನಕ ವಿಸ್ತರಿಸಿದ್ರಲ್ಲ?”

“ಆವಾಗ ಶೂ ಆರಿಸೋದು ಮುಗಿದಿರಲಿಲ್ಲ.”

“ಅಲ್ಲಿನ ಬಾಗಿಲು ತೆರೀತಾರೆ, ಅನುಮಾನ ಇಲ್ಲ. ನಿನ್ನ ಬಾಗಿಲಿಂದ ನೀನು ಆಚೆ ಬರೋದು ಯಾವಾಗ ಅಂತ ನಾನು ಕೇಳ್ತಿರೋದು. 2027 ತಪ್ಪಿದ್ರೆ?”

“2032,” ಅಂದ ಸುಬ್ಬು, ಫೋನು ನೋಡುತ್ತ.

“ನನಗೆ ಎಪ್ಪತ್ತಾಗಿರುತ್ತೆ,” ಅಂದ ಪ್ರಹ್ಲಾದ. “ಪರವಾಗಿಲ್ಲ. ಎಪ್ಪತ್ತರಲ್ಲಿ ನಡೆಯೋರು ಬೇಕಾದಷ್ಟು ಜನ ಇದಾರೆ.”

“ಅದು ಬಿಟ್ರೆ 2038.”

“ಎಪ್ಪತ್ತಾರು. ವ್ಯಾನಿಗೆ ಹಾಕಬೇಕಾಗಬಹುದು. ಬ್ಯಾಗನ್ನ.”

“ಆಮೇಲೆ 2049.” ಸುಬ್ಬು ತನ್ನ ಪಾಡಿಗೆ ಓದುತ್ತಿದ್ದ. “ಹನ್ನೊಂದು ವರ್ಷ ಯಾಕೆ ಅಂದ್ರೆ, 2043ರಲ್ಲಿ ಶನಿವಾರ ಬೀಳುತ್ತೆ, 2044 ಅಧಿಕ ವರ್ಷ. ಹಬ್ಬ ಶನಿವಾರದಿಂದ ನೆಟ್ಟಗೆ ಸೋಮವಾರಕ್ಕೆ ಹಾರಿಬಿಡುತ್ತೆ. ಮಧ್ಯೆ ಭಾನುವಾರ ಕೈತಪ್ಪಿ ಹೋಗುತ್ತೆ.”

2049ಕ್ಕೆ ಮಾತ್ರ ಪ್ರಹ್ಲಾದ ವಯಸ್ಸು ಕೂಡಿಸಲಿಲ್ಲ. ನಾನೂರು ಗ್ರಾಂಗೆ ನಾಲ್ಕು ದಿನ ಲೆಕ್ಕ ಹಾಕಿದವನು, ಈ ಬಾಯಿಲೆಕ್ಕಕ್ಕೆ ಬಾಯಿ ತೆರೆಯಲಿಲ್ಲ. ಮೂರ್ತಿಯೂ ಕೂಡಿಸಲಿಲ್ಲ. ಅವನು ಪ್ರಹ್ಲಾದನಿಗಿಂತ ಎರಡು ವರ್ಷ ದೊಡ್ಡವನು.

ವನಜಾ ಲೋಟಗಳನ್ನು ಒಳಗಿಟ್ಟು ಬಂದು, ಬಾಗಿಲ ಹತ್ತಿರ ಚಪ್ಪಲಿ ಮೆಟ್ಟಿಕೊಂಡರು. ದಿನವೂ ಈ ಹೊತ್ತಿಗೆ ಅವರು ಒಂದು ಗಂಟೆ ಸುತ್ತಿ ಬರುತ್ತಾರೆ. ಹನ್ನೆರಡು ವರ್ಷದ ಅಭ್ಯಾಸ. ಅದಕ್ಕೆ ಯಾವ ಪಟ್ಟಿಯೂ ಇಲ್ಲ.

“ನಿಮ್ಮ ಹತ್ತು ಪರ್ಸೆಂಟ್ ಎಷ್ಟಾಗುತ್ತೆ ಅತ್ತಿಗೆ?” ಅಂತ ಸುಬ್ಬು ಕೇಳಿದ.

“ಐದು ಕಿಲೋ ಅಂತ ಇವರೇ ಹೇಳಿದ್ರು. ನಾನು ಮೂರರಲ್ಲಿ ಮುಗಿಸಿದೀನಿ. ಮಿಕ್ಕ ಎರಡು ಕಿಲೋ ಇವರದೇ ತುಂಬ್ಕೊಳ್ಳಲಿ ಅಂದೆ. ಅದು ನಿಯಮಕ್ಕೆ ವಿರುದ್ಧವಂತೆ.” ಅಂದವರೇ ಇಳಿದು ಹೋದರು.

ಮೂರ್ತಿ ಎದ್ದ. ಸೋಫಾ, ಟೀಪಾಯಿ, ಸುಬ್ಬುವಿನ ತೊಡೆಯ ಮೇಲಿದ್ದುದನ್ನೆಲ್ಲ ಬಾಚಿ ಬ್ಯಾಗಿಗೆ ತುರುಕಿದ. ಪ್ರಹ್ಲಾದ “ಏಯ್, ಏಯ್, ಅದಕ್ಕೊಂದು ಕ್ರಮ ಇದೆ” ಅನ್ನುತ್ತಿರುವಾಗಲೇ ಅದನ್ನು ತನ್ನ ಬೆನ್ನಿಗೇರಿಸಿಕೊಂಡ.

“ನಡಿ. ಬೀದಿ ಕೊನೆ ತನಕ. ಇವತ್ತು ನಾನು ಹೊರ್ತೀನಿ. ನನ್ನ ಮೈತೂಕ ಯಾರೂ ಕೇಳಬೇಡಿ.”

“ಈಗಲೇ?”

“ಅಲ್ಲಿ ಯಾವ ಬಾಗಿಲೂ ಇಲ್ಲ. ಯಾವ ವರ್ಷವಾದ್ರೂ ಹೋಗಬಹುದು.”

ಪ್ರಹ್ಲಾದ ಒಂದು ಕ್ಷಣ ಯೋಚಿಸಿದ. ಆಮೇಲೆ ಉತ್ಸಾಹದಿಂದಲೇ ಎದ್ದು, ತಕ್ಕಡಿಯ ಮೇಲಿದ್ದ ಕಾಲುಚೀಲ ಎತ್ತಿಕೊಂಡು ಮೆಟ್ಟಿಲ ಮೇಲೆ ಕೂತ. ಬೆರಳು ಬೆರಳಿಗೂ ಬೇರೆ ಬೇರೆ ಗೂಡಿರುವ ಕಾಲುಚೀಲ. ಬೆರಳಿಗೆ ಬೆರಳು ಉಜ್ಜುವುದಿಲ್ಲ, ಹಾಗಾಗಿ ಬೊಬ್ಬೆ ಬರುವುದಿಲ್ಲವಂತೆ. ಹೆಬ್ಬೆರಳು ಸಲೀಸಾಗಿ ಒಳಗೆ ಹೋಯಿತು. ಎರಡನೆಯದು ಮೂರನೆಯದರ ಗೂಡಿಗೆ ನುಗ್ಗಿತು. ಬಿಚ್ಚಿ ಮತ್ತೆ ಹಾಕಿದ.

ಗೇಟಿನ ಹತ್ತಿರ ಇಬ್ಬರೂ ಕಾದರು. ಹತ್ತಿರ ಹತ್ತಿರ ಎಂಟೂವರೆ ಕಿಲೋ ಮೂರ್ತಿಯ ಭುಜಕ್ಕೆ ಗೊತ್ತಾಗತೊಡಗಿತ್ತು. ಚಿಪ್ಪು ಅಲುಗಿದಾಗೊಮ್ಮೆ ಟಕ್ ಅನ್ನುತ್ತಿತ್ತು. ಬೀದಿಯ ಆ ತುದಿಯಲ್ಲಿ ವನಜಾ ತಿರುವು ದಾಟಿ ಕಾಣದಾದರು.

“ಆಯ್ತೇನೋ?” ಅಂತ ಸುಬ್ಬು ಕೂಗಿದ.

“ಬಂದೆ, ಬಂದೆ. ಎಡಗಾಲು ಮುಗೀತು. ಬಲಗಾಲಲ್ಲಿ ಕಿರುಬೆರಳು ಒಂದೇ ಬಾಕಿ. ಎಲ್ಲಿ ಹೋಯ್ತೋ ಕಾಣ್ತಿಲ್ಲ, ಸ್ವಲ್ಪ ಲೈಟ್ ಹಾಕ್ತೀಯಾ?”