ಥೀಸಿಸ್ ಪೇಪರ್ ಯಾವ ಇಮೇಜಿಂಗ್ ಜರ್ನಲ್‌ಗೆ ಕಳಿಸಲಿ? ಅನುಭವ ಇದ್ದವರು ಹೇಳಿ

ತೊಗರಿ ಕಣಜ, ಕಲಬುರಗಿ

ಎಲ್ಲರಿಗೂ ನಮಸ್ಕಾರ. ರೇಡಿಯಾಲಜಿ ಎಂಡಿ ಕೊನೆ ವರ್ಷ. ಥೀಸಿಸ್ ಯೂನಿವರ್ಸಿಟಿಗೆ ಹೋಗಿದೆ. ವಿಷಯ ಮೂತ್ರನಾಳದ ಕಲ್ಲಿಗೆ ಲೋ ಡೋಸ್ ಸಿಟಿ, ಅಂದ್ರೆ ಕಡಿಮೆ ವಿಕಿರಣದ ಸ್ಕ್ಯಾನ್. ನಮ್ಮ ಬಿಸಿಲಲ್ಲಿ ಕಲ್ಲಿನ ಕೇಸಿಗೆ ಬರ ಇಲ್ಲ, 120 ಜನ ಸಿಕ್ಕರು. ಈಗ ಇದನ್ನ ಪೇಪರ್ ಮಾಡಬೇಕು. ಗೈಡ್ ಅವರನ್ನ ಕೇಳಿದ್ರೆ ‘ಇಂಡೆಕ್ಸ್ ಆಗಿರೋ (ಮಾನ್ಯ ಪಟ್ಟಿಯಲ್ಲಿರೋ) ಕಡೆ ಎಲ್ಲಾದ್ರೂ ಹಾಕು’ ಅಂತಾರೆ. ನನ್ನ ಪ್ರಶ್ನೆ ಇಷ್ಟೇ: ದುಡ್ಡು ಕೊಡದೆ ಆಗುತ್ತಾ? ಮೊದಲು ಇಂಡಿಯನ್ ಜರ್ನಲ್‌ಗೆ ಹಾಕ್ಲಾ, ಹೊರಗಿನದಕ್ಕೆ ಹೋಗ್ಲಾ?

ಜೇವರ್ಗಿ ರೋಡ್

ಒಂದು ಪೈಸೆ ಕೊಡಬೇಡಿ. ನಾನು ಕೊಟ್ಟಿಲ್ಲ, ಕೊಡೋದೂ ಇಲ್ಲ.

ನನ್ನ ಪೇಪರ್ ಡಯಾಲಿಸಿಸ್ ರೋಗಿಗಳ ಫಿಸ್ಟುಲಾ (ಡಯಾಲಿಸಿಸ್‌ಗೆ ಜೋಡಿಸಿದ ರಕ್ತನಾಳ) ಡಾಪ್ಲರ್ ಸ್ಕ್ಯಾನ್ ಬಗ್ಗೆ. ಮೊದಲ ಜರ್ನಲ್ ರಿವ್ಯೂಗೂ ಕಳಿಸಲಿಲ್ಲ. ಎಡಿಟರ್ ಮೇಜಿನಿಂದಲೇ ವಾಪಸ್. ‘ನಮ್ಮ ಓದುಗರಿಗೆ ಇದರಲ್ಲಿ ಹೊಸದೇನೂ ಇಲ್ಲ’ ಅಂತ ಎರಡು ಸಾಲು, ಕೆಳಗೆ ಅವರದ್ದೇ ಇನ್ನೊಂದು ಜರ್ನಲ್‌ಗೆ ವರ್ಗಾಯಿಸ್ತೀರಾ ಅಂತ ಒಂದು ಬಟನ್. ಒತ್ತಿದ್ರೆ ಗೊತ್ತಾಗುತ್ತೆ, ಅದು ದುಡ್ಡಿನ ಜರ್ನಲ್! ಒತ್ತಲಿಲ್ಲ.

ಎರಡನೇದಕ್ಕೆ ಹಾಕೋಕೆ ಇಡೀ ಪೇಪರ್ ಮತ್ತೆ ಬಿಚ್ಚಿ ಕಟ್ಟಬೇಕಾಯ್ತು. ಇವರಿಗೆ ಅಬ್‌ಸ್ಟ್ರ್ಯಾಕ್ಟ್ ತಲೆಬರಹ ಬೇರೆ, ರೆಫರೆನ್ಸ್ ಸ್ಟೈಲ್ ಬೇರೆ, ಟೇಬಲ್ ಬೇರೆ ಫೈಲ್‌ನಲ್ಲಿ. ಕವರ್ ಲೆಟರ್‌ನಲ್ಲಿ ಹಳೆ ಜರ್ನಲ್ ಹೆಸರು ಉಳಿದಿದೆಯಾ ಅಂತ ನೂರು ಸಲ ನೋಡಿ. ಅಲ್ಲಿ ರಿವ್ಯೂಗೆ ಹೋಯ್ತು. ಎರಡನೇ ರಿವ್ಯೂವರ್ ಕೇಳಿದ್ದು: ಒಬ್ಬರೇ ಓದಿದ್ದೀರಿ, ಇನ್ನೊಬ್ಬರು ಓದಿದ್ರೆ ಇದೇ ಬರುತ್ತೆ ಅಂತ ಏನು ಗ್ಯಾರಂಟಿ? ಕಪ್ಪಾ (ಇಬ್ಬರ ಓದು ಎಷ್ಟು ಹೊಂದುತ್ತೆ ಅನ್ನೋ ಅಂಕಿ) ಕೊಡಿ. ಸರಿ, ಡಾಪ್ಲರ್ ಅಂದ್ರೆ ರೋಗಿ ಎದುರು ಇದ್ದಾಗ ಮಾಡೋದು. ಹೋದ ವರ್ಷದ ರೋಗಿಯನ್ನ ಎಲ್ಲಿಂದ ತರೋದು? ಮೆಷಿನ್‌ನಲ್ಲಿ ಉಳಿದ ಕ್ಲಿಪ್‌ಗಳನ್ನ ಪೆನ್‌ಡ್ರೈವ್‌ಗೆ ಹಾಕಿ, ನನ್ನ ರಿಪೋರ್ಟ್ ತೋರಿಸದೆ ಸ್ನೇಹಿತನ ಹತ್ತಿರ ಓದಿಸಿದೆ. ಪ್ರತಿ ಸೆನ್ಸಿಟಿವಿಟಿ, ಸ್ಪೆಸಿಫಿಸಿಟಿ ಮುಂದೆ 95% ಕಾನ್ಫಿಡೆನ್ಸ್ ಇಂಟರ್ವಲ್ ಬರೆದೆ. ಕಪ್ಪಾ 0.7ರ ಆಸುಪಾಸು ಬಂತು, ಬಚಾವ್.

ಹೈಬ್ರಿಡ್ ಜರ್ನಲ್‌ಗಳಲ್ಲಿ ಓಪನ್ ಆಕ್ಸೆಸ್ (ಎಲ್ಲರೂ ಪುಕ್ಕಟೆ ಓದೋ ವ್ಯವಸ್ಥೆ) ಟಿಕ್ ಮಾಡದಿದ್ರೆ ಲೇಖಕರಿಗೆ ಖರ್ಚಿಲ್ಲ. ಓದೋರು ಚಂದಾ ಕಟ್ಟುತ್ತಾರೆ. ದಾರಿ ಇದ್ದೇ ಇದೆ. ದುಡ್ಡು ಕೊಟ್ಟು ಹಾಕಿಸ್ಕೊಂಡೋರ ಪೇಪರ್ ನಾನಂತೂ ಓದಲ್ಲ.

ಬಿದ್ರಿ ಹೂಜಿ

ಜೇವರ್ಗಿ ಸರ್‌ಗೆ ಸ್ವಂತ ಸ್ಕ್ಯಾನ್ ಸೆಂಟರ್ ಇದೆ, ಕಾಯಬಹುದು. ಪ್ರಮೋಷನ್ ಫೈಲ್ ಟೇಬಲ್ ಮೇಲೆ ಇದ್ದಾಗ ಕಾದು ನೋಡಿ ಸರ್, ಆಮೇಲೆ ಉಪದೇಶ ಮಾಡಿ.

ಎನ್‌ಎಂಸಿ (ರಾಷ್ಟ್ರೀಯ ವೈದ್ಯಕೀಯ ಆಯೋಗ) 2022ರ ನಿಯಮ ನನ್ನ ತಲೆ ಮೇಲೆ ಕೂತಿತ್ತು. ಅಸೋಸಿಯೇಟ್ ಪ್ರೊಫೆಸರ್ ಆಗೋಕೆ ಎರಡು ಪಬ್ಲಿಕೇಷನ್. ಮೆಡ್‌ಲೈನ್, ಪಬ್‌ಮೆಡ್ ಸೆಂಟ್ರಲ್, ಸ್ಕೋಪಸ್, ಡಿಒಎಜೆ ಇಂಥ ಪಟ್ಟಿಯಲ್ಲಿ ಇರೋ ಜರ್ನಲ್ ಆಗಬೇಕಿತ್ತು. ಮೊದಲ ಮೂರು ಹೆಸರಲ್ಲಿ ಇರಬೇಕಿತ್ತು, ಇಲ್ಲಾ ಕರೆಸ್ಪಾಂಡಿಂಗ್ ಆಥರ್ (ಜರ್ನಲ್ ಜೊತೆ ಪತ್ರವ್ಯವಹಾರ ಮಾಡೋ ಲೇಖಕ) ಆಗಿರಬೇಕಿತ್ತು. ಕೇಸ್ ರಿಪೋರ್ಟ್ ಲೆಕ್ಕಕ್ಕಿರಲಿಲ್ಲ. ಒಂದು ಪೇಪರ್ ಇತ್ತು. ಇನ್ನೊಂದು ಒಂದು ದೊಡ್ಡ ಜರ್ನಲ್‌ನಲ್ಲಿ ‘ಅಂಡರ್ ರಿವ್ಯೂ’ ಅಂತ ಕೂತೇ ಇತ್ತು. ಬೆಳಗ್ಗೆ ಟೀ ಕುಡಿಯೋಕೆ ಮುಂಚೆ ಲಾಗಿನ್, ರಾತ್ರಿ ಮಲಗೋಕೆ ಮುಂಚೆ ಲಾಗಿನ್. ಬೇಸಿಗೆ ಹೋಗಿ ಮಳೆ ಬಂತು, ಅದು ಹಾಗೇ ಇತ್ತು. ಆಮೇಲೆ ರಿಜೆಕ್ಟ್. ಕಾರಣ ಏನು ಗೊತ್ತಾ? ಇಂಗ್ಲಿಷ್ ಸರಿ ಇಲ್ಲ, ಇಂಗ್ಲಿಷ್ ಮಾತೃಭಾಷೆ ಆಗಿರೋರ ಹತ್ತಿರ ತೋರಿಸಿ.

14,000 ರೂಪಾಯಿ ಕೊಟ್ಟು ಎಡಿಟಿಂಗ್ ಮಾಡಿಸಿದೆ. ಸರ್ಟಿಫಿಕೇಟ್ ಬೇರೆ ಕೊಟ್ಟರು. ಮುಂದಿನ ಜರ್ನಲ್‌ನ ರಿವ್ಯೂವರ್ ಮತ್ತೆ ಅದೇ ಮಾತು! ಸರ್ಟಿಫಿಕೇಟ್ ಅಟ್ಯಾಚ್ ಮಾಡಿದ್ದೆ, ತೆಗೆದೂ ನೋಡಿಲ್ಲ.

ಕೊನೆಗೆ ಡಿಒಎಜೆಯಲ್ಲಿ ಇದ್ದ ಓಪನ್ ಆಕ್ಸೆಸ್ ಜರ್ನಲ್. 1,200 ಡಾಲರ್. ಇಂಡಿಯಾದವರಿಗೆ ರಿಯಾಯಿತಿ ಕೇಳಿದೆ. ಬಡ ದೇಶಗಳ ಪಟ್ಟಿಯಲ್ಲಿ ನಮ್ಮ ದೇಶ ಇಲ್ಲ ಅಂದರು. ಬಿಲ್ ಬಂದಾಗ ಅದರ ಮೇಲೆ 18% ಜಿಎಸ್‌ಟಿ, ಒಟ್ಟು 1,416 ಡಾಲರ್. ಆಗ ಡಾಲರ್‌ಗೆ 84 ಹಿಡಿದ್ರು, 1,18,944. ಕ್ರೆಡಿಟ್ ಕಾರ್ಡ್‌ನವರ ಫಾರೆಕ್ಸ್ ಮಾರ್ಕಪ್ 3.5%, ಅಂದ್ರೆ 4,163. ಆ ಮಾರ್ಕಪ್ ಮೇಲೆ ಮತ್ತೆ ಜಿಎಸ್‌ಟಿ 749. ಒಟ್ಟು 1,23,856. ನನ್ನ ಮನೆಯವರು ಇದನ್ನ ಕೇಳಿ ಹೇಳಿದ್ದನ್ನ ಇಲ್ಲಿ ಬರೆಯೋಕಾಗಲ್ಲ. ಆದ್ರೆ ಪ್ರಮೋಷನ್ ಆರ್ಡರ್ ಬಂತು. ಯಾರು ಓದಲ್ಲ ಅಂದ್ರೂ ನನಗೇನೂ ನಷ್ಟ ಇಲ್ಲ.

ಜೇವರ್ಗಿ ರೋಡ್

1,23,856 ಕೊಟ್ಟು ಆರ್ಡರ್ ತಗೊಂಡಿದ್ದೀರಿ ಅಂತ ನೀವೇ ಹೇಳ್ತಿದ್ದೀರಿ. ನಾನು ಬೇರೆ ಏನು ಹೇಳಬೇಕು?

ಬಿದ್ರಿ ಹೂಜಿ

ಪೀರ್ ರಿವ್ಯೂ ಆಗಿ, ಎರಡು ಸಲ ರಿವಿಷನ್ ಆಗಿ ಬಂದಿದ್ದು ಸರ್. ಪೇಪರ್ ತೆಗೆದುಕೊಂಡ ಮೇಲೆ ಬಿಲ್ ಕಳಿಸಿದ್ದು. ಮೊದಲು ದುಡ್ಡು, ಆಮೇಲೆ ಪೇಪರ್ ಅನ್ನೋರು ಬೇರೆ. ಆ ವ್ಯತ್ಯಾಸ ಗೊತ್ತಿದ್ದೂ ಗೊತ್ತಿಲ್ಲದವರ ತರಹ ಮಾತಾಡಬೇಡಿ. ರೆಸಿಡೆಂಟ್‌ಗೆ ‘ಡಿಯರ್ ಎಸ್ಟೀಮ್ಡ್ ಪ್ರೊಫೆಸರ್’ ಅಂತ ಮೇಲ್ ಹಾಕಿ, ಹತ್ತು ದಿನದಲ್ಲಿ ಛಾಪಿಸ್ತೀವಿ ಅನ್ನೋರನ್ನ ಹೋಗಿ ಬೈಯಿರಿ.

ಶಹಾಪುರ ಗುಡ್ಡ, ಯಾದಗಿರಿ

ಇಬ್ಬರೂ ತಣ್ಣಗಾಗ್ರಿ. ಕೇಳಿದವರು ಪಾಪ ರೆಸಿಡೆಂಟ್.

ತಮ್ಮಾ, ಜರ್ನಲ್ ಆಮೇಲೆ, ಮೊದಲು ಫಿಗರ್ ನೋಡು. ನನ್ನ ಪೇಪರ್ ಮೂರು ಸಲ ವಾಪಸ್ ಬಂದಿದ್ದು ವಿಜ್ಞಾನಕ್ಕಲ್ಲ, ಚಿತ್ರಕ್ಕೆ. ಅಲ್ಟ್ರಾಸೌಂಡ್ ಚಿತ್ರದ ನೆತ್ತಿ ಮೇಲೆ ಒಂದು ಪಟ್ಟಿ ಇರುತ್ತಲ್ಲ, ಆಸ್ಪತ್ರೆ ಹೆಸರು, ರೋಗಿ ಹೆಸರು, ವಯಸ್ಸು, ತಾರೀಖು, ಮೆಷಿನ್‌ನ ಅಂಕಿಗಳು ಎಲ್ಲ. ನಮ್ಮ ಟೆಕ್ನಿಷಿಯನ್ ಐಡಿ ಜಾಗದಲ್ಲಿ ಊರಿನ ಹೆಸರೂ ಟೈಪ್ ಮಾಡ್ತಾನೆ, ಒಂದೇ ಹೆಸರಿನವರು ನಾಲ್ಕು ಜನ ಬರ್ತಾರೆ ಅಂತ. ಸಾಫ್ಟ್‌ವೇರ್‌ನಲ್ಲಿ ‘ಅನಾನಿಮೈಸ್’ ಒತ್ತಿದ್ರೆ ಡೈಕಾಮ್ ಟ್ಯಾಗ್‌ನಲ್ಲಿ (ಚಿತ್ರದ ಫೈಲ್ ಜೊತೆ ಅಂಟಿರೋ ಮಾಹಿತಿ) ಇರೋದು ಮಾತ್ರ ಹೋಗುತ್ತೆ. ಚಿತ್ರದ ಪಿಕ್ಸೆಲ್‌ನಲ್ಲೇ ಸುಟ್ಟು ಕೂತ ಹೆಸರು ಹಾಗೇ ಇರುತ್ತೆ. ಅದನ್ನ ಕತ್ತರಿಸಲೇಬೇಕು. ಮೇಲೆ ಕಪ್ಪು ಡಬ್ಬಿ ಇಟ್ಟು ವರ್ಡ್ ಫೈಲ್‌ನಲ್ಲಿ ಮುಚ್ಚಿದ್ರೆ ಆಗಲ್ಲ, ಡಬ್ಬಿ ಸರಿಸಿದ್ರೆ ಹೆಸರು ಕಾಣುತ್ತೆ. ಸಿಟಿಯಲ್ಲೂ ಮೂಲೆಯ ಬರಹ ಆಫ್ ಮಾಡಿಯೇ ಎಕ್ಸ್‌ಪೋರ್ಟ್ ಮಾಡು.

ಡಬಲ್ ಬ್ಲೈಂಡ್ ಜರ್ನಲ್ (ಲೇಖಕ ಯಾರು ಅಂತ ರಿವ್ಯೂವರ್‌ಗೂ ಗೊತ್ತಾಗದ್ದು) ಆದ್ರೆ ಮೆಥಡ್ಸ್‌ನಲ್ಲಿ ‘ಕಲಬುರಗಿಯ ನಮ್ಮ ಆಸ್ಪತ್ರೆ’ ಅಂತಲೂ ಬರೆಯೋ ಹಾಗಿಲ್ಲ. ಎಥಿಕ್ಸ್ ಕಮಿಟಿ ಹೆಸರೂ ಟೈಟಲ್ ಪೇಜ್‌ಗೆ ಹೋಗಬೇಕು. ವಾಟ್ಸಾಪ್‌ನಲ್ಲಿ ಬಂದ ಜೆಪೆಗ್ ಹಾಕಬೇಡ, ಅದು ಕುಗ್ಗಿ ಹೋಗಿರುತ್ತೆ. ಟಿಫ್, 300 ಡಿಪಿಐ. ಬಾಣದ ಗುರುತು ಎಲ್ಲ ಚಿತ್ರದಲ್ಲೂ ಒಂದೇ ತರಹ.

ಇದನ್ನೂ ಕೇಳು. ನನ್ನದು ಗರ್ಭದ ಶಿಶುವಿನ ಬೆಳವಣಿಗೆ ಅಳತೆ. ಹೊರದೇಶದ ರಿವ್ಯೂವರ್ ಕೇಳ್ತಾನೆ: ಗಂಡೆಷ್ಟು, ಹೆಣ್ಣೆಷ್ಟು, ಬೇರೆ ಬೇರೆ ಟೇಬಲ್ ಕೊಡಿ! ಎದೆ ಧಸಕ್ ಅಂತು. 1994ರ ಪಿಸಿಪಿಎನ್‌ಡಿಟಿ ಕಾಯ್ದೆ ಪ್ರಕಾರ ನಮ್ಮ ದೇಶದಲ್ಲಿ ಲಿಂಗ ಪತ್ತೆ ಅಪರಾಧ, ನಾವು ನೋಡೋದೂ ಇಲ್ಲ, ಬರೆಯೋದೂ ಇಲ್ಲ ಅಂತ ಮರ್ಯಾದೆಯಿಂದ ಉತ್ತರ ಕೊಟ್ಟೆ. ಎಡಿಟರ್ ಒಪ್ಪಿದ್ರು. ಲಿಮಿಟೇಷನ್ಸ್‌ನಲ್ಲಿ ಒಂದು ಸಾಲು ಸೇರಿಸಿ ಅಂದ್ರು, ಸೇರಿಸಿದೆ.

ಪಿ ವ್ಯಾಲ್ಯೂ

ನಾನು ರೇಡಿಯಾಲಜಿಸ್ಟ್ ಅಲ್ಲ, ಕಮ್ಯುನಿಟಿ ಮೆಡಿಸಿನ್. ನಿಮ್ಮ ಎಲ್ಲರ ಕಪ್ಪಾ, ಆರ್‌ಒಸಿ ಅಂಕಿಅಂಶದ ಲೆಕ್ಕ ಹಾಕಿ ಕೊಡೋ ಪ್ರಾಣಿ. ಜೇವರ್ಗಿ ಸರ್, ನಿಮ್ಮ ಆ ಕಾನ್ಫಿಡೆನ್ಸ್ ಇಂಟರ್ವಲ್ ಯಾರು ತೆಗೆದ್ರು? ನೀವೇನಾ?

ಬೀದರ್‌ನಿಂದ ರಾಯಚೂರುವರೆಗೂ ಥೀಸಿಸ್ ಎಕ್ಸೆಲ್ ಶೀಟ್ ನನ್ನ ಹತ್ತಿರ ಬರುತ್ತೆ. ಹೆಸರಿನ ಕಾಲಂ ಅಳಿಸಿರಲ್ಲ, ಕಲ್ಲಿನ ಸೈಜ್ ಒಂದು ಸಾಲಲ್ಲಿ ಮಿಲಿಮೀಟರ್, ಇನ್ನೊಂದರಲ್ಲಿ ಸೆಂಟಿಮೀಟರ್. ರಾತ್ರಿಯೆಲ್ಲ ಕೂತು ಸರಿ ಮಾಡಿ ಕೊಟ್ಟರೆ, ಪೇಪರ್ ಕೊನೆಗೆ ‘ಅಂಕಿಅಂಶ ನೆರವಿಗೆ ಧನ್ಯವಾದ’. ಮೂರನೇ ಹೆಸರಲ್ಲಿ ಯಾರು ಗೊತ್ತಾ? ಒಂದು ಸ್ಕ್ಯಾನೂ ನೋಡದ ಎಚ್‌ಒಡಿ, ವಿಭಾಗದ ಮುಖ್ಯಸ್ಥರು. ಲೇಖಕ ಅನ್ನಿಸ್ಕೊಳ್ಳೋಕೆ ಐಸಿಎಂಜೆಇ (ವೈದ್ಯಕೀಯ ಜರ್ನಲ್ ಎಡಿಟರ್‌ಗಳ ಅಂತರರಾಷ್ಟ್ರೀಯ ಸಮಿತಿ) ನಾಲ್ಕು ಷರತ್ತು ಹೇಳುತ್ತೆ: ಯೋಜನೆಯಲ್ಲೋ ಡೇಟಾದಲ್ಲೋ ವಿಶ್ಲೇಷಣೆಯಲ್ಲೋ ಗಟ್ಟಿ ಪಾಲು, ಬರವಣಿಗೆ ಅಥವಾ ತಿದ್ದುಪಡಿ, ಕೊನೆ ಪ್ರತಿಗೆ ಒಪ್ಪಿಗೆ, ಇಡೀ ಕೆಲಸಕ್ಕೆ ಜವಾಬ್ದಾರಿ. ನಾಲ್ಕೂ ಇರಬೇಕು. ಕುರ್ಚಿ ದೊಡ್ಡದು ಅನ್ನೋದು ಐದನೇ ಷರತ್ತಲ್ಲ.

ಬಿದ್ರಿ ಹೂಜಿ

ಎಚ್‌ಒಡಿ ಹೆಸರು ಬಿಟ್ಟು ಸೈನ್ ಹೇಗೆ ಹಾಕಿಸ್ತೀರಿ? ಡಿಪಾರ್ಟ್‌ಮೆಂಟ್‌ನಲ್ಲಿ ಬಾಳಬೇಕಾದೋರು ನಾವು. ನಿಮಗೇನು, ಶೀಟ್ ಕಳಿಸಿ ಕೈ ತೊಳ್ಕೊತೀರಿ.

ಪಿ ವ್ಯಾಲ್ಯೂ

ಕೈ ತೊಳ್ಕೊತೀನಾ? ಒಬ್ಬರ ಪೇಪರ್‌ನಲ್ಲಿ ರಿವ್ಯೂವರ್ ‘ಎರಡು ಎಯುಸಿ (ಪರೀಕ್ಷೆ ಎಷ್ಟು ಚೆನ್ನಾಗಿ ಪತ್ತೆ ಮಾಡುತ್ತೆ ಅನ್ನೋ ಅಂಕಿ) ಹೋಲಿಸೋಕೆ ಡಿಲಾಂಗ್ ಟೆಸ್ಟ್ ಮಾಡಿ’ ಅಂದಾಗ ಅವರು ಫೋನ್ ಮಾಡಿದ್ದು ನನಗೇ. ಆಗ ನಾನು ಮಗಳ ಶಾಲೆಯ ಪೇರೆಂಟ್ಸ್ ಮೀಟಿಂಗ್‌ನಲ್ಲಿ ಇದ್ದೆ.

ಜೇವರ್ಗಿ ರೋಡ್

ನನ್ನದನ್ನ ನಾನೇ ‘ಆರ್’ ಸಾಫ್ಟ್‌ವೇರ್‌ನಲ್ಲಿ ಮಾಡಿದ್ದು. ಸ್ಟ್ಯಾಟಿಸ್ಟಿಷಿಯನ್ ಬೇಕೇ ಬೇಕು ಅನ್ನೋದು ಒಂದು ಭ್ರಮೆ. ಇನ್ನು ಓದೋಕೆ ಜರ್ನಲ್ ಸಿಗಲ್ಲ ಅನ್ನೋದು ಮಾತ್ರ ನಿಜ. ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್ ಅಂತ 2025ರ ಜನವರಿ 1ರಿಂದ ಸುಮಾರು 13,000 ಜರ್ನಲ್ ಕೊಟ್ರು. ಅದು ಸರ್ಕಾರಿ ಸಂಸ್ಥೆಗಳಿಗೆ. ನಾವು ಹೊರಗೇ ನಿಂತ್ವಿ. ನಾವು ಟ್ಯಾಕ್ಸ್ ಕಟ್ಟಲ್ವಾ?

ಬಿದ್ರಿ ಹೂಜಿ

ಸರ್ಕಾರಿ ಲೈಬ್ರರಿಯಲ್ಲಿ ಕರೆಂಟ್ ಇರೋ ಹೊತ್ತಲ್ಲಿ ಬಂದು ಓದಿ ಸರ್, ಬೇಡ ಅಂದವರು ಯಾರು?

ಶಹಾಪುರ ಗುಡ್ಡ, ಯಾದಗಿರಿ

ಪ್ರೈವೇಟ್ ಕಾಲೇಜಿಗೂ ರಾಜೀವ್ ಗಾಂಧಿ ಯೂನಿವರ್ಸಿಟಿಯ ಆನ್‌ಲೈನ್ ಲೈಬ್ರರಿ ಹೆಲಿನೆಟ್ ಇದೆಯಲ್ರೀ. ಸುಮ್ನೆ ಯಾಕೆ ಜಗಳ.

ಜೇವರ್ಗಿ ರೋಡ್

ಕಾಲೇಜು ಬಿಟ್ಟು ಪ್ರಾಕ್ಟೀಸ್ ಮಾಡೋನಿಗೆ ಹೆಲಿನೆಟ್ ಪಾಸ್‌ವರ್ಡ್ ನೀವು ಕೊಡ್ತೀರಾ?

ತೊಗರಿ ಕಣಜ, ಕಲಬುರಗಿ

ಎಲ್ಲರಿಗೂ ಥ್ಯಾಂಕ್ಸ್. ಇಂಡಿಯನ್ ಜರ್ನಲ್ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮ ರೇಡಿಯಾಲಜಿಸ್ಟ್‌ಗಳ ಸಂಘ ಐಆರ್‌ಐಎಯ ಇಂಡಿಯನ್ ಜರ್ನಲ್ ಆಫ್ ರೇಡಿಯಾಲಜಿ ಅಂಡ್ ಇಮೇಜಿಂಗ್‌ಗೆ ಹಾಕ್ಲಾ? 2021ರಿಂದ ಥೀಮ್ ಪ್ರಕಾಶನದವರ ಹತ್ತಿರ ಇದೆ ಅಂತ ನೋಡಿದೆ.

ಪಿ ವ್ಯಾಲ್ಯೂ

ಎಲ್ಲಿಗಾದ್ರೂ ಹಾಕಿ, ಮೊದಲು ಸ್ಟಾರ್ಡ್ 2015 ಚೆಕ್‌ಲಿಸ್ಟ್ ತೆಗೆದು ಮುಂದೆ ಇಟ್ಕೊಳ್ಳಿ. 30 ಅಂಶ ಇದೆ. ಡಯಗ್ನೋಸ್ಟಿಕ್ ಆಕ್ಯುರೆಸಿ (ಪರೀಕ್ಷೆ ರೋಗವನ್ನ ಎಷ್ಟು ಸರಿಯಾಗಿ ಹಿಡಿಯುತ್ತೆ) ಪೇಪರ್‌ಗೆ ಅದಿಲ್ಲದೆ ಹೋದ್ರೆ ಬೈಸ್ಕೊತೀರಿ. ಒಂದು ಮುಖ್ಯ ವಿಷಯ ಕೇಳ್ತೀನಿ: 120 ಜನರಿಗೂ ಎರಡೂ ಸ್ಕ್ಯಾನ್ ಮಾಡಿದ್ರಾ?

ತೊಗರಿ ಕಣಜ, ಕಲಬುರಗಿ

ಇಲ್ಲ ಮೇಡಂ. 60 ಜನರಿಗೆ ಲೋ ಡೋಸ್, 60 ಜನರಿಗೆ ಮಾಮೂಲಿ. ಒಬ್ಬರಿಗೇ ಎರಡು ಸಲ ಬೇಡ ಅಂತ ಎಥಿಕ್ಸ್ ಕಮಿಟಿ ಹೇಳಿತು.

ಪಿ ವ್ಯಾಲ್ಯೂ

ಕಮಿಟಿ ಹೇಳಿದ್ದು ಸರಿ. ಆದ್ರೆ ಆಗ ಲೋ ಡೋಸ್‌ನಲ್ಲಿ ಕಲ್ಲು ಕಂಡಿದ್ದು ನಿಜ ಅಂತ ಯಾವುದರಿಂದ ಸಾಬೀತು? ಮಾಮೂಲಿ ಸಿಟಿ ರೆಫರೆನ್ಸ್ ಸ್ಟ್ಯಾಂಡರ್ಡ್ (ಸತ್ಯ ಅಂತ ಹೋಲಿಸಿ ನೋಡೋ ಅಳತೆಗೋಲು) ಆಗಲ್ಲ, ಆ 60 ಜನ ಬೇರೆಯವರು. ಯುರಾಲಜಿಯವರ ಆಪರೇಷನ್ ರಿಜಿಸ್ಟರ್ ನೋಡಿ. ಸ್ಕೋಪ್‌ನಲ್ಲಿ ತೆಗೆದಿದ್ದು, ತಾನೇ ಬಿದ್ದಿದ್ದು, ಏನೂ ಸಿಗದಿದ್ದು, ಪ್ರತಿಯೊಬ್ಬರ ಮುಂದೆ ಬರೆಯಿರಿ. ಡೋಸ್ ಅಂದ್ರೆ ಬರೀ ‘ಕಡಿಮೆ ಮಾಡಿದೆವು’ ಅಲ್ಲ. ಡಿಎಲ್‌ಪಿ (ಸಿಟಿ ಮೆಷಿನ್ ತೋರಿಸೋ ಒಟ್ಟು ಡೋಸ್ ಅಂಕಿ) ಬರೆದು, 0.015ರಿಂದ ಗುಣಿಸಿ ಮಿಲಿಸೀವರ್ಟ್‌ನಲ್ಲಿ ಕೊಡಿ. 3ರ ಒಳಗೆ ಇದ್ರೆ ಯಾರೂ ತಕರಾರು ಮಾಡಲ್ಲ. ದಪ್ಪ ಇರೋರಲ್ಲಿ ಚಿತ್ರ ಮಸುಕು ಮಸುಕು ಬರುತ್ತೆ, ಬಿಎಂಐ 30 ದಾಟಿದವರನ್ನ ಬೇರೆ ತೋರಿಸಿ.

ಜೇವರ್ಗಿ ರೋಡ್

ಇದು ಮಾತ್ರ ಒಪ್ತೀನಿ. ತಮ್ಮಾ, ರಿಜಿಸ್ಟರ್ ಕೆಲಸ ಇವರ ಹತ್ತಿರ ಮಾಡಿಸ್ಕೊಂಡ್ರೆ ಎರಡನೇ ಹೆಸರಲ್ಲಿ ಹಾಕಿ. ಇಲ್ಲಾಂದ್ರೆ ನಿಮ್ಮ ಬಗ್ಗೆಯೂ ಬರೆದು ಹಾಕ್ತಾರೆ.

ಪಿ ವ್ಯಾಲ್ಯೂ

ಎರಡನೇದೇ ಬೇಕು ಅಂತಿಲ್ಲ ಸರ್. ಮೊದಲ ಮೂರರಲ್ಲಿ ಎಲ್ಲಿದ್ರೂ ಸಾಕು, ನನಗೂ ಪ್ರಮೋಷನ್ ಇದೆ.