ಕಸವನ್ನು ಗುಂಡಿಗೆ ಸುರಿಯುವುದು ನಿಜಕ್ಕೂ ಅಗ್ಗವಾ? ನಮ್ಮ ಪಂಚಾಯ್ತಿ ಲೆಕ್ಕ ನೋಡಿ ಹೇಳಿ

ಆಗುಂಬೆ ದಾರಿಯವಳು (ಜೂನ್ 9)

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ತಾಲ್ಲೂಕಿನ ಒಂದು ಗ್ರಾಮ ಪಂಚಾಯ್ತಿಯ ಸದಸ್ಯೆ. ಮೊದಲ ಸಲ ಗೆದ್ದವಳು, ಲೆಕ್ಕಪತ್ರ ಇನ್ನೂ ಕಲಿಯುತ್ತಿದ್ದೇನೆ.

ನಮ್ಮಲ್ಲಿ ಪೇಟೆ ಬೀದಿ ಒಂದಿದೆ. ಮೂರು ಹೋಟೆಲ್, ಒಂದು ಕಲ್ಯಾಣ ಮಂಟಪ, ಕೋಳಿ ಅಂಗಡಿ, ಸಂತೆ. ಈಗ ಎಲ್ಲ ಕಸವನ್ನೂ ಬಾಡಿಗೆ ಟ್ರ್ಯಾಕ್ಟರಿನಲ್ಲಿ ತುಂಬಿ 24 ಕಿಲೋಮೀಟರ್ ದೂರದ ಪಟ್ಟಣದ ಕಸದ ಜಾಗಕ್ಕೆ ಕಳಿಸುತ್ತೇವೆ. ಒಂದು ಟ್ರಿಪ್ಪಿಗೆ 2,200 ರೂಪಾಯಿ, ತಿಂಗಳಿಗೆ ಎಂಟು ಟ್ರಿಪ್. ಆ ಪಟ್ಟಣದವರೂ ಈಗ "ನಿಮ್ಮ ಕಸ ಇನ್ನು ತರಬೇಡಿ" ಎನ್ನುತ್ತಿದ್ದಾರೆ.

ಕೆಲವು ಸದಸ್ಯರ ಸಲಹೆ ಹೀಗಿದೆ: ಗೋಮಾಳದ ಮೂಲೆಯಲ್ಲಿ ಜೆಸಿಬಿಯಿಂದ ದೊಡ್ಡ ಗುಂಡಿ ತೆಗೆಸೋಣ, 65,000 ರೂಪಾಯಿ ಆಗುತ್ತದೆ, ಹತ್ತು ವರ್ಷ ತಲೆನೋವಿಲ್ಲ. ಅನುದಾನದಲ್ಲಿ ಕಟ್ಟಿದ ಕಸ ವಿಂಗಡಣೆ ಶೆಡ್ ಬೀಗ ಹಾಕಿಕೊಂಡು ನಿಂತಿದೆ. ಅದನ್ನು ತೆರೆದರೆ ಸಂಜೀವಿನಿ ಒಕ್ಕೂಟದ (ಮಹಿಳಾ ಸ್ವಸಹಾಯ ಸಂಘಗಳ ಕೂಟದ) ಇಬ್ಬರು ಹೆಂಗಸರಿಗೆ ತಿಂಗಳಿಗೆ 18,000 ಕೊಡಬೇಕು. "ಕಸ ಆರಿಸಲು ವರ್ಷಕ್ಕೆ ಎರಡು ಲಕ್ಷ ಯಾರು ಕೊಡ್ತಾರೆ?" ಎಂದು ಕೇಳಿದರು. ನನಗೆ ಉತ್ತರ ಗೊತ್ತಾಗಲಿಲ್ಲ.

ನನ್ನ ಮನಸ್ಸು ಶೆಡ್ ಕಡೆಗಿದೆ. ಆದರೆ ಸಭೆಯಲ್ಲಿ ಮನಸ್ಸಿನ ಮಾತು ನಡೆಯುವುದಿಲ್ಲ, ಅಂಕಿ ಬೇಕು. ಗೊಬ್ಬರ ಮಾಡಿ, ಗುಜರಿ ಮಾರಿ ಖರ್ಚು ಹುಟ್ಟುತ್ತದಾ? ಅನುಭವ ಇದ್ದವರು ದಯವಿಟ್ಟು ಹೇಳಿ.

ಹಳೇ ಲೆಕ್ಕಿಗ (ಜೂನ್ 9, ರಾತ್ರಿ)

ತಂಗಿ, ನಾನು ಮಲೆನಾಡಿನ ಒಂದು ಪಟ್ಟಣದ ಪುರಸಭೆಯಲ್ಲಿ 19 ವರ್ಷ ಲೆಕ್ಕ ಬರೆದವನು. ಈಗ ಶಿವಮೊಗ್ಗದಲ್ಲಿ ಮಗನ ಮನೆಯಲ್ಲಿದ್ದೇನೆ. ನಿಮ್ಮ ಪ್ರಶ್ನೆಗೆ ಒಂದೇ ಸಾಲಲ್ಲಿ ಉತ್ತರ ಕೊಡಬಹುದು: ಹುಟ್ಟುವುದಿಲ್ಲ. ಗೊಬ್ಬರ, ಗುಜರಿ ಎರಡನ್ನೂ ಮಾರಿದರೂ ಸಂಬಳದಷ್ಟು ಬರುವುದಿಲ್ಲ. ಸಭೆಯಲ್ಲಿ "ಲಾಭ ಬರುತ್ತೆ" ಎಂದು ಮಾತ್ರ ಹೇಳಬೇಡಿ. ಮೂರು ತಿಂಗಳಿಗೆ ಅದೇ ಮಾತನ್ನು ನಿಮ್ಮ ಮೇಲೆ ತಿರುಗಿಸುತ್ತಾರೆ.

ಆದರೆ ಗುಂಡಿ ಅಗ್ಗ ಎನ್ನುವುದೂ ಸುಳ್ಳು. ಅದು ಹೇಗೆ ಅಗ್ಗವಾಗಿ ಕಾಣುತ್ತದೆ ಎಂದು ನಾನು ನನ್ನ ಕೈಯಾರೆ ಬರೆದ ಪುಸ್ತಕದಲ್ಲೇ ನೋಡಿದ್ದೇನೆ.

ನಮ್ಮ ಊರಲ್ಲೂ ಹೀಗೇ ಗುಡ್ಡದ ಇಳಿಜಾರಿನಲ್ಲಿ ಕಸ ಸುರಿಯುತ್ತಿದ್ದೆವು. ಕಸದ ಹೆಡ್‌ನಲ್ಲಿ (ಪುಸ್ತಕದಲ್ಲಿ ಕಸಕ್ಕೆಂದೇ ಇರುವ ಪುಟದಲ್ಲಿ) ಬರುತ್ತಿದ್ದದ್ದು ಎರಡೇ ಖರ್ಚು, ಡೀಸೆಲ್ ಮತ್ತು ತಿಂಗಳಿಗೊಮ್ಮೆ ಕಸ ತಳ್ಳುವ ಜೆಸಿಬಿ ಬಾಡಿಗೆ. ನೋಡಿದವರೆಲ್ಲ "ಎಷ್ಟು ಕಡಿಮೆ" ಎನ್ನುತ್ತಿದ್ದರು. ನಾಲ್ಕನೇ ಮಳೆಗಾಲಕ್ಕೆ ಕೆಳಗಿನ ಮನೆಯವರೊಬ್ಬರು ಒಂದು ಬಾಟಲಿ ಹಿಡಿದು ಕಚೇರಿಗೆ ಬಂದರು. ನನ್ನ ಮೇಜಿನ ಮೇಲೇ ಇಟ್ಟರು. ಅವರ ಬಾವಿಯ ನೀರು. ಚಹಾದ ಬಣ್ಣ, ಮುಚ್ಚಳ ತೆಗೆದರೆ ಹುಳಿ ವಾಸನೆ. ಆಮೇಲೆ ಆ ಇಳಿಜಾರಿನ ನಾಲ್ಕು ಮನೆಗಳಿಗೆ ಎರಡು ಬೇಸಿಗೆ ಟ್ಯಾಂಕರಿನಲ್ಲಿ ನೀರು ಕೊಟ್ಟೆವು. ಆ ದುಡ್ಡನ್ನು ನಾನು ಬರೆದದ್ದು ಕುಡಿಯುವ ನೀರಿನ ಹೆಡ್‌ನಲ್ಲಿ. ಮಾರ್ಚ್‌ನಲ್ಲಿ ಕಸಕ್ಕೆ ಬೆಂಕಿ ಬಿತ್ತು. ಹೊಗೆ ಮೂರು ದಿನ ಊರ ಮೇಲೆ ಕೂತಿತ್ತು. ಬೆಂಕಿ ಆರಿಸಿದ ಖರ್ಚು ಇತರೆ ಹೆಡ್‌ಗೆ ಹೋಯಿತು. ಕೊನೆಗೆ ಊರಿನವರು ರಸ್ತೆಗೆ ಅಡ್ಡ ಕೂತರು. ಕಸವನ್ನು 38 ಕಿಲೋಮೀಟರ್ ದೂರ ಸಾಗಿಸಬೇಕಾಯಿತು. ಅದು ವಾಹನದ ಹೆಡ್. ಕಸದ ಪುಟದಲ್ಲಿ ಮಾತ್ರ ಅದೇ ಎರಡು ಸಾಲು, ಅದೇ ಕಡಿಮೆ ಮೊತ್ತ.

ಇವತ್ತಿಗೂ ಆ ಬಾಟಲಿ ನೆನಪಾದರೆ ನಿದ್ದೆ ಬರುವುದಿಲ್ಲ. ಬರೆದದ್ದು ನಾನೇ ಅಲ್ವಾ.

ಇನ್ನು ಗುಂಡಿ ಅಂದರೆ ಏನು ಎಂದು ಸದಸ್ಯರಿಗೆ ಸರಿಯಾಗಿ ಹೇಳಿ. ಜೆಸಿಬಿ ತೋಡಿದ್ದು ಬರೀ ಹೊಂಡ. ನಿಯಮದ ಪ್ರಕಾರ ಕಸ ಹೂಳಲು ಕಟ್ಟುವ ಲ್ಯಾಂಡ್‌ಫಿಲ್ ಬೇರೆ. 2016ರ ಘನತ್ಯಾಜ್ಯ ನಿಯಮದಲ್ಲಿ ಅದರ ತಳಕ್ಕೆ 90 ಸೆಂಟಿಮೀಟರ್ ಗಟ್ಟಿ ಜೇಡಿಮಣ್ಣು, ಅದರ ಮೇಲೆ 1.5 ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಹಾಸು ಹೇಳಿದ್ದರು. ಕಸದಿಂದ ಇಳಿಯುವ ಕೊಳೆನೀರು ಹಿಡಿದು ಶುದ್ಧ ಮಾಡಬೇಕಿತ್ತು. ನದಿಯಿಂದ 100 ಮೀಟರ್, ಕೆರೆ, ಮನೆ, ಕುಡಿಯುವ ನೀರಿನ ಬಾವಿಯಿಂದ 200 ಮೀಟರ್ ದೂರ ಇರಬೇಕಿತ್ತು. ತುಂಬಿ ಮುಚ್ಚಿದ ಮೇಲೂ ಕನಿಷ್ಠ 15 ವರ್ಷ ನೋಡಿಕೊಳ್ಳಬೇಕಿತ್ತು. ನಿಮ್ಮ ಗೋಮಾಳದ ಸುತ್ತ 200 ಮೀಟರ್ ಹೆಜ್ಜೆ ಹಾಕಿ ನೋಡಿ. ನಮ್ಮ ಕಡೆ ಅಷ್ಟರಲ್ಲಿ ಒಂದು ಹಳ್ಳವೋ ಬಾವಿಯೋ ಸಿಕ್ಕೇ ಸಿಗುತ್ತದೆ.

ಮಳೆಯ ಲೆಕ್ಕವೂ ಬೇಕು. ಬಯಲುಸೀಮೆಯಲ್ಲಿ ಗುಂಡಿ ಒಣಗುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ಅಲ್ಲಿ ಗುಂಡಿ ಎಂದರೆ ಕೆರೆ. ಹಸಿ ಕಸದೊಳಗೆ ಇಳಿದ ನೀರೆಲ್ಲ ಕಪ್ಪಾಗಿ ಹಳ್ಳಕ್ಕೆ, ಅಲ್ಲಿಂದ ತುಂಗೆಗೆ.

ಮತ್ತೆ ಅದನ್ನು ತೆಗೆಸುವ ಖರ್ಚು ಕೇಳಿ. ಹಳೇ ಕಸದ ಗುಡ್ಡ ಕರಗಿಸಲು ಸ್ವಚ್ಛ ಭಾರತ ನಗರ ಯೋಜನೆಯ ಎರಡನೇ ಹಂತದಲ್ಲಿ ಟನ್ನಿಗೆ 550 ರೂಪಾಯಿ ಲೆಕ್ಕ ಹಿಡಿದಿದ್ದಾರೆ. 20,000 ಟನ್ನಿನ ಸಣ್ಣ ಗುಡ್ಡ ಇದ್ದರೂ 1 ಕೋಟಿ 10 ಲಕ್ಷ. ಸುರಿಯುವಾಗ ಈ ದುಡ್ಡು ಯಾರ ಪುಸ್ತಕದಲ್ಲೂ ಇರಲಿಲ್ಲ.

ಸಾಗರದ ತೋಟಿಗ (ಜೂನ್ 10)

ಹಿರಿಯರು ಸರಿಯಾಗಿ ಹೇಳಿದ್ದಾರೆ. ನಾನು ಗೊಬ್ಬರದ ಬಗ್ಗೆ ಮಾತ್ರ ಹೇಳುತ್ತೇನೆ.

ನಮ್ಮ ಕಡೆ ಇದು ಹೊಸ ವಿದ್ಯೆ ಅಲ್ಲ. ಸೊಪ್ಪಿನ ಬೆಟ್ಟದಿಂದ ಸೊಪ್ಪು, ದರಗು (ಒಣಗಿ ಉದುರಿದ ಎಲೆ) ತಂದು ಕೊಟ್ಟಿಗೆಗೆ ಹಾಸಿ ಗೊಬ್ಬರ ಮಾಡಿದವರು ನಾವು. ಹೋಟೆಲ್ ಕಸಕ್ಕೂ ಅದೇ ದಾರಿ. ಒಂದು ಬುಟ್ಟಿ ಹಸಿ ಕಸಕ್ಕೆ ಎರಡು ಬುಟ್ಟಿ ದರಗು ಹಾಕಿ, ಮೇಲೆ ಸ್ವಲ್ಪ ಸಗಣಿ ನೀರು. ಅಡಿಕೆ ಸಿಪ್ಪೆಯೂ ಆಗುತ್ತದೆ, ಆದರೆ ಬೇಗ ಕರಗುವುದಿಲ್ಲ. ಕತ್ತರಿಸಿ ಹಾಕಿದರೆ ಒಳ್ಳೆಯದು. ರಸ್ತೆ ಬದಿ ಸುರಿದು ಸುಡುವ ಸಿಪ್ಪೆಗೆ ಹೀಗೊಂದು ಉಪಯೋಗ ಆದರೆ ಎಷ್ಟು ಚೆನ್ನಾಗಿರುತ್ತದೆ.

ನಾಲ್ಕನೇ ದಿನ ರಾಶಿಯೊಳಗೆ ಒಂದು ಕಬ್ಬಿಣದ ಸರಳು ಚುಚ್ಚಿ, ಹತ್ತು ನಿಮಿಷ ಬಿಟ್ಟು ಎಳೆಯಿರಿ. ಕೈಯಲ್ಲಿ ಹಿಡಿಯಲು ಆಗಬಾರದು, ಅಷ್ಟು ಬಿಸಿ ಇರಬೇಕು. ಒಳಗೆ ಕೆಲವು ದಿನ 55 ಡಿಗ್ರಿ ದಾಟಿಯೇ ಇದ್ದರೆ ಕಳೆ ಬೀಜ, ರೋಗಾಣು ಬಹುಪಾಲು ಸಾಯುತ್ತವೆ. ಸರಳು ತಣ್ಣಗಿದ್ದು ವಾಸನೆ ಬಂದರೆ ನೀರು ಜಾಸ್ತಿಯಾಗಿದೆ, ದರಗು ಹಾಕಿ ಮಗುಚಿ. ರಾಶಿಯ ಮೇಲೆ ಸೂರು ಇರಲೇಬೇಕು. ಜುಲೈನಲ್ಲಿ ತೆರೆದ ರಾಶಿ ಕೆಸರಾಗುತ್ತದೆ.

ನೂರು ಕಿಲೋ ಹಸಿ ಕಸಕ್ಕೆ ಸಿಗುವುದು ಇಪ್ಪತ್ತೈದು ಕಿಲೋ ಗೊಬ್ಬರ. ಉಳಿದದ್ದು ಆವಿ, ಗಾಳಿ. ಮಾರಿ ದುಡ್ಡು ಮಾಡುವ ವಸ್ತು ಅಲ್ಲ, ಆದರೆ ತೋಟದವರು ಖುಷಿಯಾಗಿ ಒಯ್ಯುತ್ತಾರೆ. ಗಾಜು, ಬ್ಲೇಡು ಒಂದೂ ಇರಬಾರದು. ಒಮ್ಮೆ ಪಟ್ಟಣದಿಂದ ತಂದ ಗೊಬ್ಬರದಲ್ಲಿ ನಮ್ಮ ಆಳಿನ ಅಂಗಾಲಿಗೆ ಸಿರಿಂಜ್ ಸೂಜಿ ಚುಚ್ಚಿತು. ಅವತ್ತಿಂದ ನಾನು ಕಲಬೆರಕೆ ಕಸದ ಗೊಬ್ಬರ ಮುಟ್ಟಿಲ್ಲ.

ವಿನೋಬನಗರ 3ನೇ ತಿರುವು (ಜೂನ್ 10)

ನಾನು ಒಪ್ಪುವುದಿಲ್ಲ. ಬೇರೆ ಬೇರೆ ಸಂಗ್ರಹ ಮಾಡುವುದೇ ದುಬಾರಿ. ಎರಡು ಸಲ ಗಾಡಿ, ಜಾಸ್ತಿ ಜನ. ಗುಜರಿ ರೇಟು ಯಾವತ್ತೂ ಒಂದೇ ಇರುವುದಿಲ್ಲ. 2018ರಲ್ಲಿ ಚೀನಾ ಹೊರಗಿನ ಪ್ಲಾಸ್ಟಿಕ್, ಕಲಬೆರಕೆ ಕಾಗದದ ಗುಜರಿ ತರಿಸುವುದು ನಿಲ್ಲಿಸಿದಾಗ ಅಮೆರಿಕದ ಎಷ್ಟೋ ಊರುಗಳು ದುಡ್ಡು ಕೊಟ್ಟು ಕಾಗದ, ಪ್ಲಾಸ್ಟಿಕ್ ಕಳಿಸಬೇಕಾಯಿತು. ಸಣ್ಣ ಪಂಚಾಯ್ತಿ ಇಂಥ ಹೊಡೆತ ತಡೆಯುತ್ತದಾ? ಕೈಯಲ್ಲಿರುವ ದುಡ್ಡು ನೋಡಿ ಮಾತಾಡಬೇಕು.

ಹಳೇ ಲೆಕ್ಕಿಗ (ಜೂನ್ 10)

ನಿಮ್ಮ ಮಾತಿನಲ್ಲಿ ಸತ್ಯ ಇದೆ. ರೇಟು ಬೀಳುತ್ತದೆ. ಅದಕ್ಕೇ ನಾನು ಗುಜರಿ ದುಡ್ಡನ್ನು ಲೆಕ್ಕದಲ್ಲಿ ಕೊನೆಗೆ ಇಡುತ್ತೇನೆ. ಮೊದಲು ಇಡುವುದು ಸಾಗಣೆ.

ಹಸಿ ಕಸದಲ್ಲಿ ಮುಕ್ಕಾಲು ಪಾಲು ಬರೀ ನೀರು. ಟ್ರ್ಯಾಕ್ಟರಿನಲ್ಲಿ ತುಂಬಿ ಕಳಿಸುತ್ತಿರುವುದು ಸೌತೆಕಾಯಿ ಸಿಪ್ಪೆಯ ನೀರು, ಅನ್ನದ ನೀರು, ಅದರ ಮೇಲೆ ಮಳೆ ನೀರು. ನಾವು ವರ್ಷಗಟ್ಟಲೆ ಬಾಡಿಗೆ ಕೊಟ್ಟು ನೀರು ಸಾಗಿಸಿದೆವು. ಹಸಿ ಕಸ ಊರಲ್ಲೇ ಉಳಿದರೆ ಟ್ರಿಪ್ ಅರ್ಧಕ್ಕೆ ಇಳಿಯುತ್ತದೆ. ಉಳಿದ ಒಣ ಕಸ ಕೊಳೆಯುವುದಿಲ್ಲ, ಹದಿನೈದು ದಿನ ಇಟ್ಟರೂ ನಡೆಯುತ್ತದೆ. ಹಾಗಾಗಿ ಎರಡು ಸಲ ಗಾಡಿ ಬೇಕಾಗಿಲ್ಲ.

ಇಂಗ್ಲೆಂಡಿನಲ್ಲಿ ಲ್ಯಾಂಡ್‌ಫಿಲ್‌ಗೆ ಹಾಕುವ ಪ್ರತಿ ಟನ್ನಿಗೂ ತೆರಿಗೆ ಇದೆ. 1996ರಲ್ಲಿ 7 ಪೌಂಡ್ ಇದ್ದದ್ದು 2025ಕ್ಕೆ 126 ಪೌಂಡ್ ದಾಟಿದೆ. ನಮ್ಮ ಬಾವಿ, ಟ್ಯಾಂಕರ್, ಬೆಂಕಿ ಅಂಥ ಖರ್ಚನ್ನು ಅವರು ಗೇಟಿನಲ್ಲೇ ಕಣ್ಣಿಗೆ ಕಾಣುವ ಹಾಗೆ ಮಾಡಿದರು. ನಮಗೆ ಆ ತೆರಿಗೆ ಇಲ್ಲ. ಖರ್ಚು ಮಾತ್ರ ಇದೆ.

ಒಕ್ಕೂಟದ ಅಕ್ಕ (ಜೂನ್ 12)

ನಾನು ಹೊಸನಗರ ಕಡೆ ಇಂಥದೇ ಶೆಡ್‌ನಲ್ಲಿ ಎರಡು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಮೇಲಿನವರೆಲ್ಲ ಓದಿದವರು, ನಾನು ಕೈಯಲ್ಲಿ ಮುಟ್ಟುವ ಮಾತು ಹೇಳುತ್ತೇನೆ.

ರಟ್ಟು ನೆನೆದರೆ ಗುಜರಿಯವರು ಅರ್ಧ ರೇಟು ಕಟ್ ಮಾಡುತ್ತಾರೆ. ಮಳೆಗಾಲದಲ್ಲಿ ನಾವು ಅಡಿಕೆ ಒಣಗಿಸುವ ಹಾಗೆ ಅಟ್ಟ ಕಟ್ಟಿ ರಟ್ಟು ಮೇಲಿಡುತ್ತೇವೆ. ಹಾಲಿನ ಕವರ್ ತೊಳೆದು ಹಗ್ಗಕ್ಕೆ ಹಾಕಿ ಒಣಗಿಸಿದರೆ ಒಳ್ಳೆಯ ರೇಟು. ಗುಟ್ಕಾ, ಚಿಪ್ಸ್ ಕವರಿಗೆ ಬೆಲೆಯೇ ಇಲ್ಲ. ಗಾಜಿನ ಬಾಟಲಿ ಒಡೆಯದಿದ್ದರೆ ಮಾತ್ರ ತಗೊಳ್ತಾರೆ. ಡೈಪರ್, ಪ್ಯಾಡ್ ಪೇಪರ್‌ನಲ್ಲಿ ಸುತ್ತಿ ಬೇರೆ ಕೊಡಿ ಎಂದು ಮನೆ ಮನೆಗೆ ಹೇಳಿ. ಅವನ್ನು ಕೈಯಲ್ಲಿ ಬಿಡಿಸುವವರು ನಾವು.

ಮತ್ತೆ ಗ್ಲೌಸ್, ಬೂಟು ಖರ್ಚು ಲೆಕ್ಕದಲ್ಲಿ ಬರೆಯಿರಿ. ನಮ್ಮಲ್ಲಿ ಆರು ತಿಂಗಳು ಬರೆಯದೆ ಬಿಟ್ಟರು. ಇನ್ನೊಬ್ಬಳ ಬೆರಳು ಕುಯ್ದು ಕೀವಾಯಿತು. ಆಸ್ಪತ್ರೆ ಖರ್ಚು ಅವಳೇ ಕೊಟ್ಟಳು.

ಆಗುಂಬೆ ದಾರಿಯವಳು (ಆಗಸ್ಟ್ 3)

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಸಭೆ ಜೂನ್ 24ಕ್ಕೆ ಆಯಿತು. ನಾನು ಗೋಮಾಳದ ಸುತ್ತ ನಿಜವಾಗಿಯೂ ಹೆಜ್ಜೆ ಹಾಕಿದ್ದೆ. 130 ಹೆಜ್ಜೆಗೆ ಹಳ್ಳ ಸಿಕ್ಕಿತು. ಗುಂಡಿ ಬೇಕು ಎಂದಿದ್ದ ಒಬ್ಬ ಸದಸ್ಯರ ಗದ್ದೆಗೆ ಅದೇ ಹಳ್ಳದ ನೀರು. ಅವರೇ ಮೊದಲು "ಬೇಡ" ಎಂದರು.

ಶೆಡ್ ಬೀಗ ತೆಗೆದೆವು. ಮೂರು ತಿಂಗಳು ನೋಡೋಣ ಎಂದು ತೀರ್ಮಾನ ಆಗಿದೆ. ಜುಲೈ ಲೆಕ್ಕ ಇಲ್ಲಿದೆ. ಟ್ರಿಪ್ ಎಂಟರಿಂದ ಮೂರಕ್ಕೆ ಇಳಿಯಿತು, ಉಳಿದದ್ದು 11,000. ಗುಜರಿಯಿಂದ ಬಂದದ್ದು 6,340. ಒಟ್ಟು 17,340. ಸಂಬಳ 18,000. ಗ್ಲೌಸ್, ಬೂಟಿಗೆ 1,450, ಅದನ್ನು ಕಸದ ಹೆಡ್‌ನಲ್ಲೇ ಬರೆಸಿದ್ದೇನೆ. ಅಂದರೆ 2,110 ಕಡಿಮೆ ಬಿತ್ತು. ಅಂಗಡಿ, ಹೋಟೆಲಿನವರಿಂದ ಶುಲ್ಕ ಕೇಳಬೇಕು ಎಂದು ಮುಂದಿನ ಸಭೆಗೆ ಇಟ್ಟಿದ್ದೇನೆ. ಗೊಬ್ಬರ ಇನ್ನೂ ಆಗಿಲ್ಲ. ಸರಳು ಚುಚ್ಚಿ ನೋಡಿದೆ, ಎರಡನೇ ರಾಶಿಯಲ್ಲಿ ಹಿಡಿಯಲು ಆಗಲಿಲ್ಲ. ಅಷ್ಟು ಖುಷಿ ಆಯಿತು! ಮೊದಲನೆಯದು ತಣ್ಣಗಿದೆ, ವಾಸನೆಯೂ ಇದೆ.

ತೋಟಿಗರೇ, ಈ ಮಳೆಯಲ್ಲಿ ಒಣ ದರಗು ಎಲ್ಲೂ ಸಿಗುತ್ತಿಲ್ಲ. ಮರದ ಮಿಲ್ಲಿನ ಹೊಟ್ಟು ಹಾಕಬಹುದಾ? ಹಾಕುವುದಾದರೆ ಎಷ್ಟು?

ಸಾಗರದ ತೋಟಿಗ (ಆಗಸ್ಟ್ 3)

ಹಾಕಬಹುದು. ಬುಟ್ಟಿಗೆ ಬುಟ್ಟಿ ಸಾಕು, ಅದಕ್ಕಿಂತ ಜಾಸ್ತಿ ಬೇಡ, ಕರಗುವುದು ನಿಧಾನ ಆಗುತ್ತದೆ. ಸಗಣಿ ನೀರು ಸ್ವಲ್ಪ ಜಾಸ್ತಿ ಕೊಡಿ. ಪ್ಲೈವುಡ್ ಹೊಟ್ಟು ಮಾತ್ರ ತರಬೇಡಿ, ಅದರಲ್ಲಿ ಅಂಟು ಇರುತ್ತದೆ. ಬರುವ ವರ್ಷಕ್ಕೆ ಮಾರ್ಚ್‌ನಲ್ಲೇ ಶೆಡ್ಡಿನ ಒಂದು ಮೂಲೆ ತುಂಬ ದರಗು ತುಂಬಿಸಿಡಿ.