ರೇಷ್ಮೆಗೆ ಆಮದು ಸುಂಕ ಬೇಕಾ, ಮುಕ್ತ ವ್ಯಾಪಾರವೇ ಸರಿಯಾ?

ಪ್ರಶ್ನೆ
ಯಾರು ಕಡಿಮೆ ಖರ್ಚಿನಲ್ಲಿ ತಯಾರಿಸುತ್ತಾರೋ ಅವರಿಂದ ಕೊಂಡರೆ ಎಲ್ಲರಿಗೂ ಲಾಭ ಅಂತ ಅರ್ಥಶಾಸ್ತ್ರದಲ್ಲಿ ಓದಿದ್ದೇವೆ. ಆದರೆ 2011ರ ಕೇಂದ್ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಸುಂಕವನ್ನು ಶೇ 30ರಿಂದ ಒಂದೇ ಸಲಕ್ಕೆ ಶೇ 5ಕ್ಕೆ ಇಳಿಸಿದರು, ಚೀನಾ ನೂಲಿನ ಹೊಡೆತಕ್ಕೆ ಇಲ್ಲಿ ಗೂಡಿನ ಬೆಲೆ ಕುಸಿದು ರೈತರು ಬೀದಿಗಿಳಿದರು. 2013ರಲ್ಲಿ ಮತ್ತೆ ಶೇ 15ಕ್ಕೆ ಏರಿಸಿದರು. ಹಾಗಾದರೆ ಸುಂಕವೇ ಸರಿ ಅಲ್ವಾ?

ಗೂಡು ಬೆಳೆಗಾರ
ಸುಂಕ ಇರಲೇಬೇಕು. ಹುಳು ನಾಲ್ಕು ಜ್ವರ (ಪೊರೆ ಬಿಡುವ ಹಂತ) ಮುಗಿಸಿ, ಗೂಡು ಕಟ್ಟುವ ತಟ್ಟೆಯಾದ ಚಂದ್ರಿಕೆ ಹತ್ತುವ ಹೊತ್ತಿಗೆ ಸೊಪ್ಪು, ಆಳು, ಔಷಧಿ ಅಂತ ಕೈಯಲ್ಲಿದ್ದ ದುಡ್ಡೆಲ್ಲ ಖರ್ಚಾಗಿರುತ್ತದೆ. ಗೂಡು ಬಿಡಿಸಿದ ಮೇಲೆ ಕೆಲವೇ ದಿನದಲ್ಲಿ ಮಾರಬೇಕು, ಇಲ್ಲದಿದ್ದರೆ ಚಿಟ್ಟೆ ಗೂಡು ತೂತು ಮಾಡಿಕೊಂಡು ಹೊರಗೆ ಬರುತ್ತದೆ, ಆಮೇಲೆ ಅದರಿಂದ ನೂಲು ಬಿಚ್ಚಲು ಆಗುವುದಿಲ್ಲ. ಬೆಲೆ ಏರಲಿ ಅಂತ ಮನೆಯಲ್ಲಿಟ್ಟು ಕಾಯುವ ಹಾಗೇ ಇಲ್ಲ.

ಮಗ್ಗದ ಮನೆ
ನಿಮ್ಮ ಕಷ್ಟ ಒಪ್ಪುತ್ತೇನೆ. ಆದರೆ ಆ ಸುಂಕ ಕಟ್ಟುವುದು ಚೀನಾ ಅಲ್ಲ, ನೇಕಾರರು. ಹಾಸಿನ ಎಳೆಗೆ, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಬಿಗಿದು ಕಟ್ಟುವ ಎಳೆಗೆ, ಒಂದೇ ಸಮ ಇರುವ ಗಟ್ಟಿ ನೂಲು ಬೇಕು. ಪವರ್‌ಲೂಮ್‌ನಲ್ಲಿ ಎಳೆ ಹರಿದಾಗಲೆಲ್ಲ ಮಗ್ಗ ನಿಲ್ಲಿಸಿ ಗಂಟು ಹಾಕುತ್ತಾ ಕೂತರೆ ದಿನದ ಕೂಲಿ ಹುಟ್ಟುವುದಿಲ್ಲ. ನಮ್ಮ ಮಿಶ್ರತಳಿ (ಬೇರೆ ತಳಿಗಳನ್ನು ಕೂಡಿಸಿದ ಹುಳುವಿನ) ನೂಲು ಅಡ್ಡ ಎಳೆಯಾದ ಹೊಕ್ಕಿಗೆ ಚೆನ್ನಾಗಿದೆ, ಹಾಸಿನ ಎಳೆಗೆ ಬೇಕಾದ ದ್ವಿತಳಿ (ಒಂದೇ ಸಮದ ಗಟ್ಟಿ ಎಳೆ ಕೊಡುವ ತಳಿಯ) ನೂಲು ಸಾಕಷ್ಟು ಸಿಗುವುದಿಲ್ಲ. ಇನ್ನೊಂದು ವಿಷಯ. ನೂಲಿಗೆ ಸುಂಕ ಜಾಸ್ತಿ ಹಾಕಿ ಬಟ್ಟೆಗೆ ಕಡಿಮೆ ಇಟ್ಟರೆ ನೇಯ್ದ ಬಟ್ಟೆಯೇ ಬಂದಿಳಿಯುತ್ತದೆ, ಆಗ ನಾನು ಮಗ್ಗ ನಿಲ್ಲಿಸುತ್ತೇನೆ, ಗೂಡಿನಿಂದ ನೂಲು ಬಿಚ್ಚಿ ನನಗೆ ಕೊಡುವ ರೀಲರ್ ನಿಮ್ಮ ಗೂಡಿನ ಹರಾಜಿಗೆ ಬರುವುದೇ ಇಲ್ಲ.

ಮತ್ತೊಬ್ಬ ಓದುಗ
ನನಗೆ ಸಿಟ್ಟು ಬರುವುದು ಸುಂಕ ಇಳಿಸಿದ್ದಕ್ಕಲ್ಲ, ಇಳಿಸಿದ ರೀತಿಗೆ. ಶೇ 30ರಿಂದ ಶೇ 5ಕ್ಕೆ ಒಂದೇ ದಿನ ಕಡಿತ ಮಾಡಿದರೆ ಯಾರು ತಾನೇ ತಡೆದುಕೊಳ್ಳುತ್ತಾರೆ? ವರ್ಷಕ್ಕೆ ಇಷ್ಟಿಷ್ಟು ಅಂತ ಮೊದಲೇ ಹೇಳಿ ಇಳಿಸಲಿ, ಅಲ್ಲಿಯವರೆಗೆ ಬರುವ ಸುಂಕದ ಹಣವನ್ನು ದ್ವಿತಳಿ ಮೊಟ್ಟೆಗೆ, ಒಳ್ಳೆಯ ರೀಲಿಂಗ್ ಯಂತ್ರಕ್ಕೆ ಹಾಕಲಿ. ಸುಮ್ನೆ ಸುಂಕ ಹಾಕಿ ಕೂತರೆ ನೂಲಿನ ಗುಣಮಟ್ಟ ಅಲ್ಲೇ ಉಳಿಯುತ್ತದೆ.

ಗೂಡು ಬೆಳೆಗಾರ
ದ್ವಿತಳಿಗೆ ನಾವೂ ತಯಾರು. ಆದರೆ ಆ ಹುಳು ಬೇಸಿಗೆಯ ಬಿಸಿ ತಡೆಯುವುದಿಲ್ಲ, ರೋಗ ಬೇಗ ಬರುತ್ತದೆ, ತಂಪಾಗಿರುವ ಹುಳು ಮನೆಯೇ ಬೇಕು. ಅದಕ್ಕೆ ಸಾಲ ಮಾಡುವ ಮೊದಲು ಮುಂದಿನ ಐದು ವರ್ಷ ಸುಂಕ ಎಷ್ಟಿರುತ್ತದೆ ಅಂತ ಸರ್ಕಾರ ಬರೆದುಕೊಡಲಿ.